ಯಾವ ಶಿರೂರು? ಶೋಧ ಕಾರ್ಯಾಚರಣೆಯಲ್ಲಿ ನಕ್ಷೆಯ ಚೌಕಗಳು: ಅಧ್ಯಯನ ಟಿಪ್ಪಣಿ

ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಎರಡು ಶಿರೂರುಗಳಿವೆ. ಒಂದು ಅಂಕೋಲಾ ತಾಲ್ಲೂಕಿನದು, ಗಂಗಾವಳಿ ಹೊಳೆಯ ದಂಡೆಯ ಮೇಲಿದೆ. ಇನ್ನೊಂದು ಭಟ್ಕಳ ದಾಟಿದೊಡನೆ ಸಿಗುವ ಉಡುಪಿ ಜಿಲ್ಲೆಯ ಶಿರೂರು. ಎರಡರ ನಡುವೆ ನೇರ ಅಂತರವೇ ಎಪ್ಪತ್ತು ಕಿಲೋಮೀಟರಿಗಿಂತ ಹೆಚ್ಚು. ದೂರದ ಊರಿನ ಲಾರಿ ಚಾಲಕನೊಬ್ಬ ಮಳೆಗಾಲದ ಬೆಳಗಿನ ಜಾವ ಫೋನ್ ಮಾಡಿ ‘ಹೆದ್ದಾರಿಯಲ್ಲಿ ಶಿರೂರಿನ ಹತ್ತಿರ ಸಿಕ್ಕಿಬಿದ್ದಿದ್ದೇನೆ’ ಎಂದರೆ, ಕೇಳಿಸಿಕೊಂಡವರು ಯಾವ ದಿಕ್ಕಿಗೆ ಹೊರಡಬೇಕು?

2024ರ ಜುಲೈ 16ರಂದು ಗುಡ್ಡ ಕುಸಿದದ್ದು ಅಂಕೋಲಾದ ಶಿರೂರಿನಲ್ಲಿ. ಹೆದ್ದಾರಿಯ ಪಕ್ಕದ ಹೋಟೆಲ್ಲು, ಅಲ್ಲಿ ನಿಂತಿದ್ದ ವಾಹನಗಳು, ರಸ್ತೆಯ ಅಂಚು ಎಲ್ಲವೂ ಮಣ್ಣಿನೊಡನೆ ಹೋದವು. ಇನ್ನೊಂದು ತೊಡಕು ಹುಟ್ಟುವುದೇ ಇಲ್ಲಿ. ಹೆಸರು ಸರಿಯಾಗಿ ತಿಳಿದಿದ್ದರೂ ‘ಹೋಟೆಲ್ಲಿನ ಎದುರು’, ‘ತಿರುವು ಕಳೆದ ಮೇಲೆ’ ಎನ್ನುವ ಮಾತಿಗೆ ಆಧಾರವಾಗಿದ್ದ ಹೋಟೆಲ್ಲೂ ಇಲ್ಲ, ತಿರುವೂ ಇಲ್ಲ. ಅಮೆರಿಕದಲ್ಲಿ 2005ರ ಕತ್ರಿನಾ ಚಂಡಮಾರುತದ ನಂತರ ರಕ್ಷಣಾ ತಂಡಗಳು ಎದುರಿಸಿದ ತೊಂದರೆಯೂ ಇದೇ ಜಾತಿಯದು: ಬೀದಿಯ ಹೆಸರಿನ ಫಲಕಗಳು ನೀರಿನಲ್ಲಿ ಮುಳುಗಿದ್ದವು, ವಿಳಾಸ ಹಿಡಿದು ಬಂದವರಿಗೆ ಬೀದಿಯೇ ಸಿಗಲಿಲ್ಲ. ನೆಲದ ಮೇಲಿನ ಗುರುತು ಅಳಿದಾಗಲೂ ಅಳಿಯದ ಗುರುತು ಬೇಕು. ನಕ್ಷೆಯ ಚೌಕಗಳನ್ನು ಕಲಿಯುವುದು ಅದಕ್ಕಾಗಿ.

ಮೊದಲು ಅಕ್ಷಾಂಶ, ರೇಖಾಂಶ. ಶಾಲೆಯಲ್ಲಿ ಓದಿದ್ದೇ, ಆದರೆ ಬರೆಯುವ ರೀತಿ ಮೂರು. ಪೂರ್ತಿ ದಶಮಾಂಶದಲ್ಲಿ ಬರೆಯಬಹುದು. ಡಿಗ್ರಿ ಮತ್ತು ದಶಮಾಂಶ ನಿಮಿಷದಲ್ಲಿ ಬರೆಯಬಹುದು. ಡಿಗ್ರಿ, ನಿಮಿಷ, ಸೆಕೆಂಡುಗಳಲ್ಲಿ ಬರೆಯಬಹುದು. ಮೊಬೈಲ್ ನಕ್ಷೆ ಸಾಮಾನ್ಯವಾಗಿ ಮೊದಲನೆಯದನ್ನು ತೋರಿಸುತ್ತದೆ. ಸಮುದ್ರದಲ್ಲಿ, ವಿಮಾನದಲ್ಲಿ ಎರಡನೆಯದು ರೂಢಿ. ಹಳೆಯ ನಕ್ಷೆಯ ಅಂಚಿನಲ್ಲಿ ಸಿಗುವುದು ಮೂರನೆಯ ರೀತಿಗೆ ಹತ್ತಿರ.

ಇದರಲ್ಲಿ ನಾನು ಮುಗ್ಗರಿಸಿದ್ದನ್ನು ಹೇಳಿಬಿಡುತ್ತೇನೆ. ಶಿರಸಿಯಲ್ಲಿ ನಾವು ನಾಲ್ಕೈದು ಜನ ಗೆಳೆಯರು ಅಭ್ಯಾಸಕ್ಕೆಂದು ಎರಡು ಗುಂಪಾಗಿ ನಿಂತಿದ್ದೆವು. ಆ ಕಡೆಯವನು ಫೋನಿನಲ್ಲಿ ‘ಹದಿನಾಲ್ಕು ಮೂವತ್ತೇಳು, ಎಪ್ಪತ್ತನಾಲ್ಕು ಐವತ್ತು’ ಎಂದ. ನಾನು 14.37, 74.50 ಎಂದು ಒತ್ತಿದೆ. ನಕ್ಷೆ ನನ್ನನ್ನು ಘಟ್ಟ ಇಳಿಸಿ ಕುಮಟಾ, ಹೊನ್ನಾವರಗಳ ಒಳನಾಡಿನ ಗುಡ್ಡಕ್ಕೆ ಒಯ್ದಿತು. ಅವನು ನಿಂತದ್ದು ಶಿರಸಿ ಪೇಟೆಯಲ್ಲೇ. ಅವನ ಪರದೆಯಲ್ಲಿದ್ದದ್ದು 14 ಡಿಗ್ರಿ 37 ನಿಮಿಷ, 74 ಡಿಗ್ರಿ 50 ನಿಮಿಷ. ದಶಮಾಂಶಕ್ಕೆ ತಿರುಗಿಸಿದರೆ 14.6167, 74.8333. ಅರವತ್ತರಿಂದ ಭಾಗಿಸಬೇಕಾದ ಕಡೆ ಚುಕ್ಕಿ ಇಟ್ಟದ್ದಕ್ಕೆ ಸುಮಾರು 45 ಕಿಲೋಮೀಟರ್ ತಪ್ಪು. ನಾವು ನಕ್ಕೆವು. ಇಷ್ಟು ದೊಡ್ಡ ತಪ್ಪು ಎದ್ದು ಕಾಣುವುದರಿಂದ ನಗಬಹುದು. ನಗಲಾಗದ್ದು ಸಣ್ಣ ತಪ್ಪು. ಕಾರವಾರ ನಗರದ ಒಂದು ಬಿಂದು 14 ಡಿಗ್ರಿ 48.6 ನಿಮಿಷ ಎಂದುಕೊಳ್ಳಿ. ಬರೆದುಕೊಳ್ಳುವವರು ಅದನ್ನು 48 ನಿಮಿಷ 6 ಸೆಕೆಂಡು ಮಾಡಿದರೆ ಮುಗಿಯಿತು: 0.6 ನಿಮಿಷವೆಂದರೆ 36 ಸೆಕೆಂಡು, ವ್ಯತ್ಯಾಸ 30 ಸೆಕೆಂಡು, ನೆಲದ ಮೇಲೆ 900 ಮೀಟರಿಗೂ ಹೆಚ್ಚು. ಅಷ್ಟು ಸರಿದ ಬಿಂದುವೂ ಕಾರವಾರದಲ್ಲೇ ಇರುವಂತೆ ಕಾಣುತ್ತದೆ. ಯಾರಿಗೂ ಅನುಮಾನ ಬರುವುದಿಲ್ಲ. ಕಡಲಿನಲ್ಲಿ ಮುಳುಗುತ್ತಿರುವ ದೋಣಿಗೆ 900 ಮೀಟರ್ ಎಂದರೆ ಅಲೆಯ ಮರೆ.

ಹಾಗಾಗಿ ಅಂಕಿ ಹೇಳುವಾಗ ಅದರ ರೀತಿಯನ್ನೂ ಹೇಳಬೇಕು. ‘ಡಿಗ್ರಿ’, ‘ನಿಮಿಷ’, ‘ಚುಕ್ಕಿ’ ಎನ್ನುವ ಮಾತುಗಳನ್ನು ನುಂಗಬಾರದು. ಹೇಳುವವನಿಗೆ ಅವು ಹೆಚ್ಚಿನ ಮಾತೆನಿಸುತ್ತವೆ, ಕೇಳುವವನಿಗೆ ಅವೇ ಮುಖ್ಯ.

ಇನ್ನು ಚೌಕಗಳು. ಯುಟಿಎಂ ಎಂಬ ಪದ್ಧತಿಯಲ್ಲಿ ಭೂಮಿಯನ್ನು ಕಿತ್ತಳೆಯ ತೊಳೆಗಳಂತೆ ಆರಾರು ಡಿಗ್ರಿಯ 60 ಪಟ್ಟಿಗಳಾಗಿ ಬಿಡಿಸಿದ್ದಾರೆ. ನಾವಿರುವುದು 43ನೆಯ ಪಟ್ಟಿಯಲ್ಲಿ, 72ರಿಂದ 78 ಡಿಗ್ರಿ ಪೂರ್ವ ರೇಖಾಂಶದವರೆಗೆ. ಪಟ್ಟಿಯ ನಡುವಿನ ಗೆರೆ 75 ಡಿಗ್ರಿ. ಅದು ಹಾದುಹೋಗುವುದು ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲೇ, ಶಿರಸಿ ಮತ್ತು ಬನವಾಸಿಗಳ ನಡುವೆ. ಆ ಗೆರೆಗೆ 500 ಕಿಲೋಮೀಟರ್ ಎಂಬ ಬೆಲೆ ಕೊಟ್ಟಿದ್ದಾರೆ. ಪಶ್ಚಿಮಕ್ಕೆ ಹೋದಂತೆ ಕಡಿಮೆಯಾಗುತ್ತದೆ, ಪೂರ್ವಕ್ಕೆ ಹೆಚ್ಚುತ್ತದೆ. ಶಿರಸಿಗೆ ಸುಮಾರು 482, ಕಾರವಾರಕ್ಕೆ 406, ಬನವಾಸಿಗೆ 500ಕ್ಕಿಂತ ಕೊಂಚ ಮೇಲೆ. ಇದಕ್ಕೆ ಈಸ್ಟಿಂಗ್ ಎನ್ನುತ್ತಾರೆ. ಸಮಭಾಜಕ ವೃತ್ತದಿಂದ ಉತ್ತರಕ್ಕೆ ಅಳೆದದ್ದು ನಾರ್ತಿಂಗ್. ಶಿರಸಿಗೆ ಅದು ಸುಮಾರು 1,616 ಕಿಲೋಮೀಟರ್.

ಈ ಅಂಕಿಗಳು ಡಿಗ್ರಿಗಳಲ್ಲ, ಕಿಲೋಮೀಟರುಗಳು. ನನಗೆ ಈ ಪದ್ಧತಿ ಹಿಡಿಸಿದ್ದೇ ಇದಕ್ಕೆ. ಶಿರಸಿಯಿಂದ ಕಾರವಾರಕ್ಕೆ ಪಶ್ಚಿಮಕ್ಕೆ 76, ಉತ್ತರಕ್ಕೆ 21. ಪೈಥಾಗೊರಸನನ್ನು ನೆನೆದರೆ ನೇರ ಅಂತರ 79 ಕಿಲೋಮೀಟರ್. ಬಸ್ಸಿನಲ್ಲಿ ಹೋದರೆ ನೂರಕ್ಕೂ ಮೇಲೆ, ಅದು ಘಟ್ಟದ ಕೃಪೆ. ಅಕ್ಷಾಂಶ, ರೇಖಾಂಶಗಳಿಂದ ಇದೇ ಲೆಕ್ಕವನ್ನು ಮಳೆಯಲ್ಲಿ ನಿಂತು ಕಾಗದದ ತುಂಡಿನ ಮೇಲೆ ಮಾಡಿ ನೋಡಿ.

ಓದುವ ಅಭ್ಯಾಸಕ್ಕೆ ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ಮುಕ್ತ ಸರಣಿಯ ಹಾಳೆ ಚೆನ್ನಾಗಿದೆ. ಹಳೆಯ ಎಣಿಕೆಯಲ್ಲಿ ಕಾರವಾರ 48ಜೆ/1, ಅಂಕೋಲಾ 48ಜೆ/6, ಶಿರಸಿ 48ಜೆ/14. ಹೊಸ ಎಣಿಕೆಯಲ್ಲಿ 48ಜೆ ಇದ್ದಲ್ಲಿ ಡಿ43ಜೆ. ಈ ಪ್ರಮಾಣದಲ್ಲಿ ಎರಡು ಸೆಂಟಿಮೀಟರ್ ಎಂದರೆ ಒಂದು ಕಿಲೋಮೀಟರ್, ಎರಡು ಮಿಲಿಮೀಟರ್ ಎಂದರೆ ನೂರು ಮೀಟರ್. ಚೌಕದೊಳಗೆ ಅಳೆಯಲು ಅಂಗಡಿಯಿಂದ ಏನನ್ನೂ ತರಬೇಕಾಗಿಲ್ಲ. ನಾನು ಹಳೆಯ ಮದುವೆ ಕರೆಯೋಲೆಯೊಂದರ ಮೂಲೆ ಕತ್ತರಿಸಿ, ಮೂಲೆಯಿಂದ ಎರಡೂ ಅಂಚಿನ ಉದ್ದಕ್ಕೆ ಎರಡೆರಡು ಮಿಲಿಮೀಟರಿಗೆ ಗೆರೆ ಎಳೆದು, ಒಂದರಿಂದ ಹತ್ತರವರೆಗೆ ಅಂಕಿ ಬರೆದುಕೊಂಡಿದ್ದೇನೆ. ಮೂಲೆಯನ್ನು ಬೇಕಾದ ಬಿಂದುವಿನ ಮೇಲಿಟ್ಟು, ಒಂದು ಅಂಚು ಎಡಕ್ಕೆ, ಇನ್ನೊಂದು ಕೆಳಕ್ಕೆ ಬರುವಂತೆ ಹಿಡಿದರೆ, ಎಡಗಡೆಯ ಗೆರೆ ಮತ್ತು ಕೆಳಗಿನ ಗೆರೆ ಕರೆಯೋಲೆಯನ್ನು ಎಲ್ಲಿ ಕತ್ತರಿಸುತ್ತವೆಯೋ ಅದೇ ಉತ್ತರ. ದಪ್ಪ ಕಾಗದ, ಚಿನ್ನದ ಬಣ್ಣದ ಅಂಚು. ಮಳೆಗೆ ಒದ್ದೆಯಾದರೂ ಬೇಗ ಮೆತ್ತಗಾಗುವುದಿಲ್ಲ.

ಒಂದು ಉದಾಹರಣೆ ಮಾಡೋಣ. 14.62, 74.84 ಎಂಬ ಬಿಂದು ಶಿರಸಿಯಲ್ಲಿ ಬೀಳುತ್ತದೆ. ಅದರ ಈಸ್ಟಿಂಗ್ 4,82,769 ಮೀಟರ್, ನಾರ್ತಿಂಗ್ 16,16,303 ಮೀಟರ್. ನಕ್ಷೆಯ ಗೆರೆಗಳ ಮೇಲೆ ಕಿಲೋಮೀಟರಿನ ಕೊನೆಯ ಎರಡಂಕಿ ಹಿಡಿದರೆ ಸಾಕು: 482ಕ್ಕೆ 82, 1616ಕ್ಕೆ 16. 82ರ ಗೆರೆಯಿಂದ ಬಲಕ್ಕೆ ಏಳು ಭಾಗ, 16ರ ಗೆರೆಯಿಂದ ಮೇಲಕ್ಕೆ ಮೂರು ಭಾಗ. ಆರಂಕಿಯ ನಿರ್ದೇಶಾಂಕ 827 163. ‘769 ಇದೆಯಲ್ಲ, 828 ಆಗಬೇಡವೇ’ ಎಂದು ನಾನೂ ಕೇಳಿದ್ದೆ. ಆಗಬಾರದು. ಇಲ್ಲಿ ಹತ್ತಿರದ ಅಂಕಿಗೆ ಏರಿಸುವ ಕ್ರಮವಿಲ್ಲ. ನಾವು ಹೇಳುತ್ತಿರುವುದು ಬಿಂದುವನ್ನಲ್ಲ, ಆ ಬಿಂದು ಇರುವ ಚೌಕದ ಎಡಗಡೆಯ ಕೆಳಮೂಲೆಯನ್ನು. ಏರಿಸಿದರೆ ಪಕ್ಕದ ಚೌಕದ ಹೆಸರು ಹೇಳಿದಂತಾಗುತ್ತದೆ.

ಚೌಕ ಎಷ್ಟು ದೊಡ್ಡದು ಎನ್ನುವುದು ಕೈಗೆ ಹತ್ತಲು ನಮ್ಮ ಕಡೆಯ ಅಳತೆಯೇ ಒಳ್ಳೆಯದು. ಆರಂಕಿಯ ಚೌಕ ನೂರು ಮೀಟರ್ ಉದ್ದ, ನೂರು ಮೀಟರ್ ಅಗಲ: ಒಂದು ಹೆಕ್ಟೇರ್, ಎರಡೂವರೆ ಎಕರೆಯ ಅಡಿಕೆ ತೋಟ. ಒಂಬತ್ತು ಅಡಿ ಅಂತರದಲ್ಲಿ ನೆಟ್ಟಿದ್ದರೆ ಅದರಲ್ಲಿ 1,300ಕ್ಕೂ ಹೆಚ್ಚು ಮರಗಳಿರುತ್ತವೆ. ಎಂಟಂಕಿಗೆ ಹೋದರೆ ಹತ್ತು ಮೀಟರಿನ ಚೌಕ, ಹದಿಮೂರು ಮರ. ನಾಲ್ಕಂಕಿಯಲ್ಲಿ ನಿಂತರೆ ಒಂದು ಚದರ ಕಿಲೋಮೀಟರ್, ಅಂಥ ನೂರು ತೋಟ. ಬಿದ್ದ ಮನುಷ್ಯನನ್ನು ಹುಡುಕುವವರಿಗೆ ಹದಿಮೂರು ಮರದ ನಡುವೆ ನೋಡುವುದಕ್ಕೂ ನೂರು ತೋಟ ತಿರುಗುವುದಕ್ಕೂ ಇರುವ ಅಂತರ ಇದು. ಹಾಗೆಂದು ಅಂಕಿ ಹೆಚ್ಚಿಸುತ್ತಲೇ ಹೋಗುವುದು ಜಾಣತನವಲ್ಲ. ದಶಮಾಂಶ ಡಿಗ್ರಿಯ ನಾಲ್ಕನೆಯ ಸ್ಥಾನ ಸುಮಾರು 11 ಮೀಟರ್, ಐದನೆಯದು ಸುಮಾರು ಒಂದು ಮೀಟರ್, ಆರನೆಯದು ಒಂದು ಗೇಣಿಗಿಂತ ಕಡಿಮೆ. ದಟ್ಟ ಕಾಡಿನ ಕೆಳಗೆ, ಕಿರಿದಾದ ಕಣಿವೆಯೊಳಗೆ ಫೋನೇ ಹತ್ತಾರು ಮೀಟರ್ ತಪ್ಪುತ್ತಿರುವಾಗ ಆರನೆಯ ಅಂಕಿ ಬರೀ ಅಲಂಕಾರ.

827 163 ಮಾತ್ರ ಹೇಳಿದರೂ ಸಾಲದು, ಏಕೆಂದರೆ ಪ್ರತಿ ನೂರು ಕಿಲೋಮೀಟರಿಗೆ ಇದೇ ಅಂಕಿ ಮರಳಿ ಬರುತ್ತದೆ. ಅದಕ್ಕೆ ಮುಂದೆ ಪಟ್ಟಿಯ ಗುರುತು 43ಪಿ (ಪಿ ಎನ್ನುವುದು ಆ ಪಟ್ಟಿಯನ್ನು ಅಡ್ಡಕ್ಕೆ ಕತ್ತರಿಸಿದ ತುಂಡಿನ ಅಕ್ಷರ), ಆಮೇಲೆ ನೂರು ಕಿಲೋಮೀಟರ್ ಚೌಕದ ಎರಡಕ್ಷರ. ಶಿರಸಿ, ಕಾರವಾರ, ಅಂಕೋಲಾ, ಗೋಕರ್ಣ ಎಲ್ಲವೂ ಡಿಎಸ್. ಕುಮಟಾ, ಹೊನ್ನಾವರ, ಭಟ್ಕಳ ಡಿಆರ್. ಎರಡರ ನಡುವಿನ ಗೆರೆ ಮಿರ್ಜಾನ್ ಮತ್ತು ಕುಮಟಾ ಮಧ್ಯೆ ಹಾದುಹೋಗುತ್ತದೆ. ಪೂರ್ವದಲ್ಲಿ ಬನವಾಸಿ, ಮುಂಡಗೋಡ ಇಎಸ್. ಒಂದೇ ಜಿಲ್ಲೆಗೆ ಕಡೇಪಕ್ಷ ಮೂರು ಅಕ್ಷರಜೋಡಿ. ಕುಮಟಾದ ತಂಡಕ್ಕೂ ಮಿರ್ಜಾನಿನ ತಂಡಕ್ಕೂ ಅಕ್ಷರ ಬೇರೆ. ಆದ್ದರಿಂದ ‘ಅಕ್ಷರ ಹೇಳಬೇಕಾಗಿಲ್ಲ, ಎಲ್ಲರಿಗೂ ಗೊತ್ತು’ ಎನ್ನುವ ಮಾತು ನಮ್ಮಲ್ಲಿ ನಡೆಯುವುದಿಲ್ಲ.

ಇನ್ನೊಂದು ಬಲೆ ಕ್ರಮದ್ದು. ಚೌಕದ ಅಂಕಿಯಲ್ಲಿ ಮೊದಲು ಬಲಕ್ಕೆ, ಆಮೇಲೆ ಮೇಲಕ್ಕೆ: ಗದ್ದೆಯ ಬದುವಿನ ಮೇಲೆ ನಡೆದು ಹೋಗಿ ಆಮೇಲೆ ತೆಂಗಿನ ಮರ ಹತ್ತಿದಂತೆ. ಅಕ್ಷಾಂಶ, ರೇಖಾಂಶ ಹೇಳುವಾಗ ಇದಕ್ಕೆ ತಿರುಗಾಮುರುಗಾ, ಮೊದಲು ಉತ್ತರ, ಆಮೇಲೆ ಪೂರ್ವ. 14 ಮತ್ತು 74ನ್ನು ಅದಲುಬದಲು ಮಾಡಿದರೆ ನೀವು ನಾರ್ವೆಯ ಉತ್ತರದ ಕಡಲಿನಲ್ಲಿರುತ್ತೀರಿ, ತಪ್ಪು ಕೂಡಲೇ ಸಿಕ್ಕಿಬೀಳುತ್ತದೆ. ಆದರೆ 827 163ನ್ನು 163 827 ಎಂದರೆ ಬಿಂದು ಗೋವಾದ ಸಾಂಗೆಂ ತಾಲ್ಲೂಕಿನ ಬೆಟ್ಟಕ್ಕೆ ಹೋಗುತ್ತದೆ. ಅಲ್ಲಿಯೂ ಘಟ್ಟ, ಅಲ್ಲಿಯೂ ಕಾಡು, ಅಲ್ಲಿಯೂ ಮಳೆ.

ಹಳೆಯ ಹಾಳೆ ಬಳಸುವವರಿಗೆ ಚಿಕ್ಕ ಎಚ್ಚರಿಕೆ: ಅವು ಎವರೆಸ್ಟ್ ಎಂಬ ಹಳೆಯ ಭೂಮಾನದ (ಅಳತೆಗಾಗಿ ಭೂಮಿಗೆ ಹಿಡಿದ ಆಕಾರದ) ಮೇಲೆ ಮಾಡಿದವು, ಫೋನು ಬಳಸುವುದು ಡಬ್ಲ್ಯುಜಿಎಸ್ 84. ನಮ್ಮ ಕಡೆ ಎರಡರ ನಡುವೆ ನೂರು ಮೀಟರಿಗೂ ಹೆಚ್ಚು ಸರಿತವಿದೆ. ಹೊಳೆಯ ಈ ದಂಡೆ ಆ ದಂಡೆಯಾಗಲು ಅಷ್ಟು ಸಾಕು.

ಭಾರತೀಯ ಅಂಚೆ 2025ರಲ್ಲಿ ತಂದ ಡಿಜಿಪಿನ್ ಬಗ್ಗೆಯೂ ಕೇಳಿರುತ್ತೀರಿ. ದೇಶವನ್ನು ಹತ್ತು ಹಂತಗಳಲ್ಲಿ ಹದಿನಾರು ಹದಿನಾರು ಭಾಗ ಮಾಡುತ್ತಾ ಸುಮಾರು ನಾಲ್ಕು ಮೀಟರ್ ಚೌಕದವರೆಗೆ ಇಳಿಯುವ ಹತ್ತು ಅಕ್ಷರದ ಸಂಕೇತ ಅದು. ಮನೆಯ ವಿಳಾಸಕ್ಕೆ, ಒಂಟಿ ಮನೆಗಳ ನಮ್ಮ ಮಜರೆಗಳಿಗೆ ಒಳ್ಳೆಯದೇ. ಆದರೆ ಶೋಧ ತಂಡದ ಮುಖ್ಯಸ್ಥರು ‘ಇಲ್ಲಿಂದ ಪೂರ್ವಕ್ಕೆ ಮುನ್ನೂರು ಮೀಟರ್’ ಎನ್ನಬೇಕಾದಾಗ ಅದರಿಂದ ತಲೆಲೆಕ್ಕ ಮಾಡಲಾಗುವುದಿಲ್ಲ. 827ಕ್ಕೆ ಮೂರು ಕೂಡಿಸಿ 830 ಎನ್ನುವುದು ಒಂದನೆಯ ತರಗತಿಯ ಲೆಕ್ಕ. ದಣಿದ ರಾತ್ರಿಯಲ್ಲಿ ಮನುಷ್ಯರಿಗೆ ಬರುವುದು ಅಷ್ಟೇ.

ನಿರ್ದೇಶಾಂಕ ಸರಿಯಿದ್ದೂ ಮನುಷ್ಯ ಅಲ್ಲಿರದೆ ಇರಬಹುದು. ಇದನ್ನು ಶಿರೂರು ಕಲಿಸಿತು. ಆ ಕುಸಿತದಲ್ಲಿ ಕಾಣೆಯಾದ ಕೇರಳದ ಲಾರಿಯೊಂದರ ಜಿಪಿಎಸ್ ಕೊನೆಯದಾಗಿ ತೋರಿಸಿದ್ದು ಗುಡ್ಡ ಕುಸಿದ ಜಾಗವನ್ನೇ ಎಂದು ಆಗ ವರದಿಯಾಗಿತ್ತು. ಮೊದಲ ದಿನಗಳ ಹುಡುಕಾಟ ರಸ್ತೆಯ ಮೇಲಿನ ಮಣ್ಣಿನಲ್ಲಿ ನಡೆಯಿತು. ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ರಂದು, 71 ದಿನಗಳ ನಂತರ, ಗಂಗಾವಳಿಯ ಒಳಗೆ. ಜಿಪಿಎಸ್ ಸುಳ್ಳು ಹೇಳಿರಲಿಲ್ಲ. ಅದು ಹೇಳಿದ್ದು ಕೊನೆಯದಾಗಿ ಮಾತನಾಡಿದ ಕ್ಷಣದ ಮಾತು. ಆದ್ದರಿಂದ ಟಿಪ್ಪಣಿ ಪುಸ್ತಕದಲ್ಲಿ ಪ್ರತಿ ನಿರ್ದೇಶಾಂಕದ ಪಕ್ಕ ಎರಡು ಮಾತು ಬರೆಯುವ ರೂಢಿ ಮಾಡಿಕೊಂಡಿದ್ದೇನೆ: ಎಷ್ಟು ಹೊತ್ತಿನದು, ಯಾವುದರದು. ಕೊನೆಗೆ ಕಂಡ ಜಾಗವೋ, ಫೋನ್ ಕೊನೆಗೆ ಉಲಿದ ಜಾಗವೋ, ಚಪ್ಪಲಿ ಸಿಕ್ಕ ಜಾಗವೋ. ಎಲ್ಲವನ್ನೂ ಒಂದೇ ಬಣ್ಣದ ಚುಕ್ಕೆಯಲ್ಲಿ ಗುರುತಿಸಿದರೆ ನಕ್ಷೆ ಚೆಂದ ಕಾಣುತ್ತದೆ, ಹುಡುಕಾಟ ಕೆಡುತ್ತದೆ.

ಹೊಳೆಯಲ್ಲಿ ನಿರ್ದೇಶಾಂಕದ ಬೆಲೆ ಇನ್ನೂ ಹೆಚ್ಚು. ನೀರಿನ ಮೇಲೆ ಗೂಟ ನೆಡಲಾಗುವುದಿಲ್ಲ. ಅನುಮಾನದ ಬಿಂದುಗಳನ್ನು ಶಿರೂರಿನಲ್ಲಿ ಸಿಪಿ-1, ಸಿಪಿ-2 ಎಂದು ಹೆಸರಿಟ್ಟು ಗುರುತಿಸಿದ್ದರು. ಪ್ರವಾಹ ಏರಿ ಕೆಲಸ ನಿಂತರೂ, ತಂಡ ಬದಲಾದರೂ, ಮರಳಿ ಬಂದವರು ಅದೇ ಜಾಗಕ್ಕೆ ಇಳಿಯಲು ಇಂಥ ಗುರುತೇ ದಾರಿ.

ಘಟ್ಟದವರಿಗೆ ಇನ್ನೊಂದು ಮಾತು. ನಕ್ಷೆಯ ನೂರು ಮೀಟರ್ ಚಪ್ಪಟೆ ನೂರು ಮೀಟರ್. 45 ಡಿಗ್ರಿ ಇಳಿಜಾರಿನಲ್ಲಿ ಕಾಲಿಗೆ ಅದು 141 ಮೀಟರ್. ಹತ್ತು ಜನ ಹತ್ತು ಮೀಟರಿಗೊಬ್ಬರಂತೆ ಸಾಲು ನಿಂತು ಒಂದು ಹೆಕ್ಟೇರ್ ಚೌಕವನ್ನು ಒಮ್ಮೆ ದಾಟಿದರೆ ಕಾಗದದ ಮೇಲೆ ಚೌಕ ಮುಗಿಯುತ್ತದೆ. ಮುಳ್ಳುಹಿಂಡಲು, ಕೊರಕಲು ಇರುವ ಧರೆಯ ಮೇಲೆ ಸಾಲು ಹರಿದು, ನಡುವೆ ಕಾಣದ ಜಾಗ ಉಳಿದಿರುತ್ತದೆ. ‘ನೋಡಿ ಆಯಿತು’ ಎಂದು ಚೌಕಕ್ಕೆ ಗೆರೆ ಹೊಡೆಯುವ ಮೊದಲು, ಮಲಗಿದ ಮನುಷ್ಯನಿದ್ದಿದ್ದರೆ ಕಾಣುತ್ತಿದ್ದನೇ ಎಂದು ಸಾಲಿನಲ್ಲಿದ್ದವರನ್ನೇ ಕೇಳಬೇಕು.

ಹೇಳುವ ಕ್ರಮವನ್ನು ಇಬ್ಬರು ಎದುರುಬದುರು ಕೂತು ಅಭ್ಯಾಸ ಮಾಡಿ. ಒಬ್ಬರು: ‘ನಲವತ್ತಮೂರು ಪಿ, ಡಿ ಎಸ್, ಎಂಟು ಎರಡು ಏಳು, ಒಂದು ಆರು ಮೂರು.’ ಬಿಡಿಬಿಡಿ ಅಂಕಿ, ‘ಎಂಟುನೂರ ಇಪ್ಪತ್ತೇಳು’ ಅಲ್ಲ. ಇನ್ನೊಬ್ಬರು ಬರೆದುಕೊಂಡದ್ದನ್ನು ಓದಿ ಹೇಳಬೇಕು, ನೆನಪಿನಿಂದಲ್ಲ. ಮೊದಲನೆಯವರು ‘ಸರಿ’ ಎಂದ ಮೇಲೆಯೇ ಹೊರಡುವುದು. ತುರ್ತಿಗೆ 112, ಕಡಲಿನಲ್ಲಿ ಕೋಸ್ಟ್ ಗಾರ್ಡಿನ 1554. ಅಲ್ಲಿ ಕೇಳುವವರು ಡಿಗ್ರಿಯಲ್ಲೇ ಕೇಳಬಹುದು, ಆದ್ದರಿಂದ ಎರಡೂ ಬಾಯಿಗೆ ಬರಬೇಕು. ಫೋನಿನ ಜಿಪಿಎಸ್‌ಗೆ ಮೊಬೈಲ್ ಸಿಗ್ನಲ್ ಬೇಕಾಗಿಲ್ಲ, ಕರೆಗೆ ಬೇಕು. ಗುಡ್ಡದ ನೆತ್ತಿಗೆ ಹತ್ತಿ ಕರೆ ಮಾಡುವಿರಾದರೆ ಕೆಳಗೆ ಗಾಯಾಳುವಿನ ಪಕ್ಕದಲ್ಲೇ ಅಂಕಿಯನ್ನು ಬರೆದುಕೊಂಡು ಹತ್ತಿ. ಇಲ್ಲದಿದ್ದರೆ ನೀವು ಹೇಳುವುದು ನೆತ್ತಿಯ ನಿರ್ದೇಶಾಂಕ.

ಮನೆಗೆಲಸ: ನಿಮ್ಮ ಮನೆಯ ಎಂಟಂಕಿಯ ನಿರ್ದೇಶಾಂಕವನ್ನು ಹಾಳೆಯಿಂದ ಕೈಯಲ್ಲೇ ತೆಗೆದು, ಆಮೇಲೆ ಫೋನಿನೊಂದಿಗೆ ಹೋಲಿಸಿ. ಇಪ್ಪತ್ತು ಮೂವತ್ತು ಮೀಟರ್ ಹೆಚ್ಚುಕಡಿಮೆಯಾದರೆ ಚಿಂತೆಯಿಲ್ಲ. ಶಿರಸಿಯವರ ಮನೆ ಗೋವಾದಲ್ಲಿ ಸಿಕ್ಕರೆ, ಬದುವಿನ ಮೇಲೆ ನಡೆಯುವ ಮೊದಲೇ ತೆಂಗಿನ ಮರ ಹತ್ತಿದ್ದೀರಿ.