ಪದ ಪರಿಚಯ: ಎನ್‌ಎ

ಕೊಪ್ಪಳದಿಂದ ಕುಷ್ಟಗಿ ಕಡೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಹೋದರೆ ಒಂದು ಪದ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ‘ಎನ್‌ಎ ಜಾಗ ಮಾರಾಟಕ್ಕಿದೆ’, ‘ಎನ್‌ಎ ಪ್ಲಾಟ್’, ‘ಎನ್‌ಎ ಆಗಿದೆ, ಸಂಪರ್ಕಿಸಿ’. ಬೋರ್ಡಿನ ಹಿಂದೆ ನೋಡಿದರೆ ಜಾಲಿ ಗಿಡ, ನಾಲ್ಕು ಕಲ್ಲುಕಂಬ, ಮೇಯುತ್ತಿರುವ ಕುರಿ. ಊರಲ್ಲೂ ಅಷ್ಟೇ. ರಸ್ತೆ ಪಕ್ಕದ ಹೊಲದ ಮಾತು ಬಂದರೆ ಸಾಕು, “ನಿಮ್ದು ಎನ್‌ಎ ಆಗೇತೇನ್ರಿ?” ಅಂತ ಯಾರಾದರೂ ಕೇಳುತ್ತಾರೆ. ಆಗಿದ್ದರೆ ನಾಳೆಯೇ ಯಾರೋ ಬಂದು ಕಾರ್ಖಾನೆ ಕಟ್ಟುತ್ತಾರೆ ಅನ್ನುವ ಹಾಗೆ.

ಪದದ ಅರ್ಥ ಸಣ್ಣದು. ‘ನಾನ್ ಅಗ್ರಿಕಲ್ಚರಲ್’ ಅನ್ನುವುದರ ಎರಡು ಅಕ್ಷರ ಎನ್‌ಎ. ಅಂದರೆ ಕೃಷಿಯೇತರ. ಸರ್ಕಾರಿ ಕಾಗದದಲ್ಲಿ ಇದಕ್ಕೆ ‘ಭೂ ಪರಿವರ್ತನೆ’ ಅನ್ನುತ್ತಾರೆ. ಬೆಂಗಳೂರು ಕಡೆಯವರು ‘ಡಿಸಿ ಕನ್ವರ್ಷನ್’ ಅಂತಾರೆ. ಬೆಳಗಾವಿ, ಧಾರವಾಡ ಕಡೆ ‘ಬಿನ್‌ಶೇತ್ಕಿ’ ಅನ್ನುವ ಮಾತೂ ಉಂಟು. ನಮ್ಮ ಕಡೆ ಎನ್‌ಎ ಒಂದೇ ಗಟ್ಟಿಯಾಗಿ ನಿಂತಿದೆ.

ಕಾನೂನು ಹೇಳುವುದು ಇಷ್ಟು. ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 95ನೇ ಕಲಂ ಪ್ರಕಾರ ಬೆಳೆ ಬೆಳೆಯುವ ಜಮೀನನ್ನು ಬೇರೆ ಕೆಲಸಕ್ಕೆ ಬಳಸಬೇಕಾದರೆ ಸಾಮಾನ್ಯವಾಗಿ ಜಿಲ್ಲಾಧಿಕಾರಿಯ ಅನುಮತಿ ಬೇಕು. ಅನುಮತಿ ಇಲ್ಲದೆ ಬಳಸಿದರೆ ದಂಡ. ರೈತ ತನ್ನ ಹೊಲದಲ್ಲೇ ಒಕ್ಕಲುತನಕ್ಕೆ ಬೇಕಾದ ತೋಟದ ಮನೆ ಕಟ್ಟಿಕೊಂಡರೆ ವಿನಾಯಿತಿ ಇದೆ. ಅದೂ ಹಿಡುವಳಿಯ ನೂರಕ್ಕೆ 10 ಭಾಗದ ಒಳಗೆ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಎನ್‌ಎ ಅನ್ನುವುದು ಅನುಮತಿ. ಅದು ಬೆಲೆ ಅಲ್ಲ, ಗಿರಾಕಿ ಅಲ್ಲ, ಕಟ್ಟಡ ಕಟ್ಟುವ ಲೈಸೆನ್ಸೂ ಅಲ್ಲ. ಆದೇಶದಲ್ಲಿ ಯಾವ ಉದ್ದೇಶಕ್ಕೆ ಅಂತ ಬರೆದಿರುತ್ತದೆ: ವಸತಿಗೆ, ವಾಣಿಜ್ಯಕ್ಕೆ ಅಥವಾ ಕೈಗಾರಿಕೆಗೆ. ವಸತಿಗೆ ಅಂತ ಎನ್‌ಎ ಆದ ಜಾಗದಲ್ಲಿ ಗೋದಾಮು ಕಟ್ಟಲು ಹೋದರೆ ಮತ್ತೆ ಕಚೇರಿ ಮೆಟ್ಟಿಲು ಹತ್ತಬೇಕು. ಪ್ಲಾಟ್ ಹಾಕಬೇಕಾದರೆ ಲೇಔಟ್ ನಕ್ಷೆಗೆ ಬೇರೆ ಮಂಜೂರಾತಿ. ಪಂಚಾಯಿತಿಯಲ್ಲಿ ಇ-ಸ್ವತ್ತು, ಅಂದರೆ ಆಸ್ತಿಯ ಗಣಕ ದಾಖಲೆ ಮಾಡಿಸುವುದು ಅದರಾಚೆಯ ಕೆಲಸ.

ನಮ್ಮ ಕಾಕಾನ ಕತೆ ಹೇಳಿದರೆ ಇದು ಇನ್ನೂ ಚೆನ್ನಾಗಿ ತಿಳಿಯುತ್ತದೆ. ರಸ್ತೆಗೆ ಹತ್ತಿಕೊಂಡು ಅವನದು 4 ಎಕರೆ 20 ಗುಂಟೆ ಮಸಾರಿ, ಅಂದರೆ ಕೆಂಪು ಮಣ್ಣಿನ ಹೊಲ. ಮಳೆ ಬಂದರೆ ಸಜ್ಜೆ, ಇಲ್ಲದಿದ್ದರೆ ಬೀಳು. ಒಬ್ಬ ಮಧ್ಯವರ್ತಿ ಬಂದ. “ಯಜಮಾನ್ರ, ಎನ್‌ಎ ಮಾಡ್ಸಿ ಬಿಡ್ರಿ, ಪಾರ್ಟಿ ತಾವಾಗೇ ಹುಡಿಕ್ಯಂಡು ಬರ್ತಾರ” ಅಂದ. ಕಾಕಾ ಎರಡು ಎತ್ತು ಮಾರಿ, ಮೇಲೆ ಸಾಲ ಮಾಡಿ, ಶುಲ್ಕ ಕಟ್ಟಿದ. ಓಡಾಟದ ಖರ್ಚು, ಮಧ್ಯವರ್ತಿಯ ಕೈಖರ್ಚು ಬೇರೆ. ಆದೇಶ ಬಂತು. ಬೋರ್ಡು ನೆಟ್ಟ. ಆರು ವರ್ಷ ಯಾರೂ ಬರಲಿಲ್ಲ. ಇತ್ತ ಆ ಜಮೀನಿನ ಮೇಲೆ ಬೆಳೆ ಸಾಲ ಸಿಗುವುದು ನಿಂತಿತು. ಬರ ಬಿದ್ದ ವರ್ಷ ಪಕ್ಕದ ಹೊಲದವರಿಗೆ ಬೆಳೆ ಪರಿಹಾರ ಬಂತು, ಇವನಿಗೆ ಇಲ್ಲ. ದಾಖಲೆಯಲ್ಲಿ ಅದು ಹೊಲವೇ ಅಲ್ಲ, ಅಲ್ವಾ?

ಕೊನೆಗೊಬ್ಬರು ಗೋದಾಮು ಕಟ್ಟುವ ವಿಚಾರ ಇಟ್ಟುಕೊಂಡು ಬಂದರು. ಒಂದು ತಾಸು ಹೊಲ ತುಂಬ ಅಡ್ಡಾಡಿದರು. ಪಹಣಿಯಲ್ಲಿ ಎಷ್ಟು ಜನರ ಹೆಸರಿದೆ, ಲಾರಿ ತಿರುಗಲು ದಾರಿ ಎಲ್ಲಿ, ಕರೆಂಟ್ ಲೈನ್ ಎಷ್ಟು ದೂರ, ಮಳೆಗಾಲದಲ್ಲಿ ನೀರು ಯಾವ ಕಡೆ ಹರಿಯುತ್ತದೆ ಅಂತ ಕೇಳಿದರು. ಎನ್‌ಎ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಕಾಕಾ ತಾನೇ ಆದೇಶದ ಪ್ರತಿ ತೆಗೆದು ತೋರಿಸಿದ. “ಅದನ್ನ ನಾವು ಮಾಡಿಸ್ಕೋಬಹುದಿತ್ತು ಬಿಡ್ರಿ” ಅಂದರು.

ಅವರು ಹೇಳಿದ್ದು ಸರಿ. ಇದು ಬಹಳ ಜನರಿಗೆ ಗೊತ್ತಿಲ್ಲ. ಹಿಂದೆ ಮೊದಲೇ ಎನ್‌ಎ ಮಾಡಿಸಲು ಒಂದು ಬಲವಾದ ಕಾರಣ ಇತ್ತು. ಭೂ ಸುಧಾರಣಾ ಕಾಯ್ದೆ, 1961ರ 79ಎ ಮತ್ತು 79ಬಿ ಕಲಂಗಳ ಪ್ರಕಾರ ಕೃಷಿಕರಲ್ಲದವರು, ಬೇರೆ ಮೂಲದಿಂದ ಜಾಸ್ತಿ ಆದಾಯ ಇರುವವರು ಕೃಷಿ ಜಮೀನು ಕೊಳ್ಳುವ ಹಾಗಿರಲಿಲ್ಲ. ಹಾಗಾಗಿ ವ್ಯಾಪಾರಸ್ಥನಿಗೆ ಮಾರಬೇಕಾದರೆ ರೈತನೇ ಮೊದಲು ಹೊಲವನ್ನು ‘ಹೊಲ ಅಲ್ಲ’ ಅಂತ ಮಾಡಿಸಬೇಕಿತ್ತು. 2020ರ ತಿದ್ದುಪಡಿಯಲ್ಲಿ ಆ ಎರಡೂ ಕಲಂ ಹೋದವು. ಈಗ ಸಾಮಾನ್ಯವಾಗಿ ಹೂಡಿಕೆದಾರ ಕೃಷಿ ಜಮೀನನ್ನೇ ಕೊಂಡು, ತನಗೆ ಬೇಕಾದ ಉದ್ದೇಶಕ್ಕೆ ತನ್ನ ಖರ್ಚಿನಲ್ಲೇ ಎನ್‌ಎ ಮಾಡಿಸಿಕೊಳ್ಳಬಹುದು. ಆ ತಿದ್ದುಪಡಿ ಒಳ್ಳೆಯದೋ ಕೆಟ್ಟದ್ದೋ ಅನ್ನುವುದು ಬೇರೆ ಚರ್ಚೆ. ರೈತ ಸಂಘಟನೆಗಳು ಅದನ್ನು ವಿರೋಧಿಸಿದ್ದಕ್ಕೆ ಕಾರಣಗಳಿವೆ, ನನಗೂ ಅದರ ಬಗ್ಗೆ ಆತಂಕ ಇದೆ. ಆದರೆ ಗಿರಾಕಿ ಇಲ್ಲದೆ ಸುಮ್ನೆ ಮೊದಲೇ ದುಡ್ಡು ಸುರಿಯುವ ಅಗತ್ಯ ಈಗ ಇಲ್ಲ ಅನ್ನುವುದಂತೂ ನಿಜ. ಮಧ್ಯವರ್ತಿಗಳು ಮಾತ್ರ ಹಳೇ ಪಾಠವನ್ನೇ ಒಪ್ಪಿಸುತ್ತಿದ್ದಾರೆ.

ಹಾಗಾದರೆ ಖಾಲಿ ಬಿದ್ದ ಜಮೀನಿಗೆ ಹೂಡಿಕೆದಾರ ಬರಬೇಕಾದರೆ ಮೊದಲು ಏನು ಮಾಡಬೇಕು? ಕಾಗದ ಸರಿ ಮಾಡಬೇಕು. ಇದೇ ದೊಡ್ಡ ಕೆಲಸ, ಮತ್ತು ಕಡಿಮೆ ಖರ್ಚಿನ ಕೆಲಸ.

ಪಹಣಿ ತೆಗೆದು 9ನೇ ಕಾಲಂ ನೋಡಿ. ಅಲ್ಲಿ ಮಾಲೀಕರ ಹೆಸರು ಇರುತ್ತದೆ. ನಮ್ಮ ಕಡೆಯ ಹಳ್ಳಿಗಳಲ್ಲಿ ತೀರಿಹೋದ ಅಜ್ಜನ ಹೆಸರೇ ಇನ್ನೂ ಇರುವ ಪಹಣಿಗಳು ಎಷ್ಟೋ. ಪೌತಿ ಖಾತೆ, ಅಂದರೆ ತೀರಿಹೋದವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ ಆಗಿಲ್ಲ ಅಂದರೆ ಮಾರಲೂ ಆಗಲ್ಲ, ಲೀಸಿಗೆ ಕೊಡಲೂ ಆಗಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲಿದೆ. ಗಂಡನ ಮನೆಗೆ ಹೋದ ಅಕ್ಕ-ತಂಗಿಯರನ್ನು ಬಿಟ್ಟು ಮಾಡಿದ ಕಾಗದವನ್ನು ಯಾವ ವಕೀಲರೂ ಒಪ್ಪಲ್ಲ. ಅವರನ್ನು ಕರೆದು ಕೂರಿಸಿ ಮಾತಾಡುವುದು ಕಾನೂನಿಗೂ ಸರಿ, ಮನೆತನಕ್ಕೂ ಸರಿ. 11ನೇ ಕಾಲಂನಲ್ಲಿ ಸಾಲ, ಹಕ್ಕು, ತಕರಾರು ಬರುತ್ತವೆ. ತೀರಿಸಿದ ಸಾಲವೂ ಅಲ್ಲಿ ಹಾಗೇ ಕೂತಿರುವುದುಂಟು. ಅದನ್ನು ತೆಗೆಸಬೇಕು.

ಒಂದೇ ಸರ್ವೆ ನಂಬರಿನಲ್ಲಿ ನಾಲ್ಕು ಜನ ಇದ್ದರೆ ಪೋಡಿ ಮಾಡಿಸಬೇಕು, ಅಂದರೆ ಅಳೆಸಿ ಬೇರೆ ಬೇರೆ ಮಾಡಿಸಬೇಕು. ನಿಮ್ಮ ಪಾಲು ನಕ್ಷೆಯ ಮೇಲೆ ಎಲ್ಲಿದೆ ಅಂತ ಆಗ ಗೊತ್ತಾಗುತ್ತದೆ. ಭಾಗ ಮಾತ್ರ ಮಾರುವುದಾದರೆ ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ ಬೇಕು. ಖರಾಬು, ಅಂದರೆ ಸಾಗುವಳಿಗೆ ಬರದ ಜಾಗ ಎಷ್ಟಿದೆ ನೋಡಬೇಕು. ಅದರಲ್ಲಿ ‘ಬಿ’ ಖರಾಬು ಅಂದರೆ ಹಳ್ಳ, ದಾರಿ ಮುಂತಾದ ಸಾರ್ವಜನಿಕ ಜಾಗ. ಅದು ನಿಮ್ಮ ಬೇಲಿಯೊಳಗೆ ಇದ್ದರೂ ನಿಮ್ಮದಲ್ಲ.

ಇನ್ನೊಂದನ್ನು ಮರೆಯಬಾರದು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರುವ ಹಾಗಿಲ್ಲ. 1978ರ ಪಿಟಿಸಿಎಲ್ ಕಾಯ್ದೆ ಅದಕ್ಕೇ ಬಂದದ್ದು. ಇಂಥ ಜಮೀನನ್ನು ಕಡಿಮೆ ಬೆಲೆಗೆ ಹೊಡೆದುಕೊಂಡು ಎನ್‌ಎ ಬೋರ್ಡು ನೆಟ್ಟವರನ್ನು ಕಂಡಿದ್ದೇನೆ. ಅದು ಅನ್ಯಾಯ. ಈ ಕಾಯ್ದೆಯಡಿ ಅರ್ಜಿ ಹಾಕಲು ಕಾಲಮಿತಿ ಇಲ್ಲ ಅಂತ 2023ರ ತಿದ್ದುಪಡಿಯಲ್ಲಿ ಸೇರಿಸಿದ್ದಾರೆ.

ಕಾಗದದ ನಂತರ ನೆಲ. ಎರೆ, ಅಂದರೆ ಕಪ್ಪು ಮಣ್ಣಿನ ಹೊಲ ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಅಲ್ಲಿ ಪಾಯ ಆಳಕ್ಕೆ ಹೋಗಬೇಕು, ಖರ್ಚು ಜಾಸ್ತಿ. ಮಸಾರಿ, ಮಡ್ಡಿ ನೆಲ ಬೆಳೆಗೆ ಬಡವಾದರೂ ಕಟ್ಟಡಕ್ಕೆ ಒಳ್ಳೆಯದು. ಒಕ್ಕಲುತನಕ್ಕೆ ಬೇಡ ಅನಿಸಿದ ನೆಲವೇ ಗೋದಾಮಿಗೆ ಬೇಕಾದದ್ದು, ನೋಡಿ. ಹಾಗಾಗಿಯೇ ಗಂಗಾವತಿ, ಸಿಂಧನೂರು ಕಡೆ ಎಡದಂಡೆ ಕಾಲುವೆ ನೀರು ಕುಡಿಯುವ ಭತ್ತದ ಗದ್ದೆಗಳನ್ನು ಮಣ್ಣು ತುಂಬಿ ಪ್ಲಾಟ್ ಮಾಡುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಆ ನೀರಿಗಾಗಿ ತುಂಗಭದ್ರಾ ಅಣೆಕಟ್ಟಿನ ಹಿನ್ನೀರಿನಲ್ಲಿ ಎಷ್ಟು ಊರು ಮುಳುಗಿದವು! ಯಲಬುರ್ಗಾ, ಕುಷ್ಟಗಿ, ಲಿಂಗಸುಗೂರು ಕಡೆಯ ಮಡ್ಡಿಗಳು ಖಾಲಿ ಇರುವಾಗ ಗದ್ದೆಗೆ ಕೈ ಹಾಕುವುದು ಯಾಕೆ?

ಹೆದ್ದಾರಿ ಪಕ್ಕ ಅಂದ ಕೂಡಲೇ ಬೆಲೆ ಏರಿಸುವವರಿಗೆ ಇನ್ನೊಂದು ಲೆಕ್ಕ. ರಾಷ್ಟ್ರೀಯ ಹೆದ್ದಾರಿಯ ನಡುಮಧ್ಯದಿಂದ ಸಾಮಾನ್ಯವಾಗಿ 40 ಮೀಟರ್ ಬಿಟ್ಟೇ ಕಟ್ಟಡ ಕಟ್ಟಬೇಕು. ರಸ್ತೆಗೆ ಉದ್ದಕ್ಕೆ ಹರಡಿದ, ಒಳಕ್ಕೆ ಅಗಲ ಇಲ್ಲದ ಒಂದು ಎಕರೆಯಲ್ಲಿ ಕಟ್ಟಲು ಉಳಿಯುವುದು ಸ್ವಲ್ಪವೇ. ಪಕ್ಕದ ಹೊಲದವರೂ ಜೊತೆಗೆ ಬಂದರೆ ಮಾತು ಬೇರೆ. ಮೂರು ಮನೆಯವರು ಕೂಡಿ ಹತ್ತು ಎಕರೆ ತೋರಿಸಿದರೆ ಜಿನ್ನಿಂಗ್ ಮಿಲ್ಲಿನವರೋ ಶೀತಲಗೃಹದವರೋ ನಿಂತು ಮಾತಾಡುತ್ತಾರೆ. ರಾಯಚೂರಿನ ಹತ್ತಿ, ಕುಷ್ಟಗಿಯ ದಾಳಿಂಬೆ, ಕಾರಟಗಿಯ ಅಕ್ಕಿ, ಇವೆಲ್ಲಕ್ಕೂ ದಾಸ್ತಾನಿಗೆ ಜಾಗ ಬೇಕೇ ಬೇಕು. ಹೊರಗಿನಿಂದ ದೊಡ್ಡ ಕಂಪನಿ ಬರಲಿ ಅಂತ ಕಾಯುವುದಕ್ಕಿಂತ ಇಲ್ಲಿಯ ಬೆಳೆಯ ಹಿಂದೆ ಬರುವ ಹೂಡಿಕೆ ನನಗೆ ಹೆಚ್ಚು ನಂಬಿಕೆಯದು. 15 ಕೋಟಿ ರೂಪಾಯಿವರೆಗಿನ ಯೋಜನೆಗಳಿಗೆ ಜಿಲ್ಲಾ ಮಟ್ಟದ ಏಕಗವಾಕ್ಷಿ ಸಮಿತಿಯೇ ಒಪ್ಪಿಗೆ ಕೊಡುತ್ತದೆ, ಬೆಂಗಳೂರಿಗೆ ಓಡಬೇಕಿಲ್ಲ.

ಎನ್‌ಎ ನಿಜಕ್ಕೂ ರೈತನ ಕೈಗೆ ಬಲ ಕೊಡುವುದು ಮಾರಾಟದಲ್ಲಿ ಅಲ್ಲ, ಲೀಸಿನಲ್ಲಿ. ಇದಕ್ಕೂ ಹಿನ್ನೆಲೆ ಇದೆ. ಭೂ ಸುಧಾರಣಾ ಕಾಯ್ದೆಗೆ ದೇವರಾಜ ಅರಸು ಅವರ ಕಾಲದಲ್ಲಿ ಬಂದ 1974ರ ತಿದ್ದುಪಡಿಯಿಂದ ಕೃಷಿ ಜಮೀನನ್ನು ಗೇಣಿಗೆ ಕೊಡುವುದು, ಕೆಲವು ವಿನಾಯಿತಿ ಬಿಟ್ಟರೆ, ನಿಂತುಹೋಯಿತು. ಉಳುವವನಿಗೆ ಭೂಮಿ ಕೊಟ್ಟ ದೊಡ್ಡ ಕಾನೂನು ಅದು. ಆದರೆ ಕೃಷಿ ಹೊಲವನ್ನು ಹಾಗೇ ಗೋದಾಮಿನವರಿಗೆ ಬಾಡಿಗೆಗೆ ಬರೆದುಕೊಟ್ಟರೆ ಆ ಕಾಗದಕ್ಕೆ ಬಲ ಇರಲ್ಲ. ವಾಣಿಜ್ಯಕ್ಕೆ ಅಂತ ಎನ್‌ಎ ಆದ ಜಾಗವನ್ನು ಲೀಸಿಗೆ ಕೊಡಬಹುದು. ಒಂದು ವರ್ಷಕ್ಕಿಂತ ಹೆಚ್ಚಿನ ಲೀಸ್ ಅಂದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. ಬಾಂಡ್ ಪೇಪರ್ ಮೇಲೆ ಸಹಿ ಹಾಕಿ ಮಡಚಿಟ್ಟರೆ ಸಾಲದು.

ತುಮಕೂರು ಜಿಲ್ಲೆಯ ಪಾವಗಡ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ಸುಮಾರು 13,000 ಎಕರೆ ಒಣಭೂಮಿಯನ್ನು ರೈತರಿಂದ ಕೊಳ್ಳದೆ ಲೀಸಿಗೆ ಪಡೆದು ಸೋಲಾರ್ ಪಾರ್ಕ್ ಮಾಡಿದರು. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ 5ರಷ್ಟು ಏರಿಕೆ. ಹೊಲ ಇಲ್ಲದ ಕೂಲಿಯವರಿಗೆ ಅದರಿಂದ ಕೆಲಸ ಹೋಯಿತು, ಅದೂ ಸತ್ಯ. ಆದರೆ ಪಟ್ಟಾ ರೈತನ ಹೆಸರಲ್ಲೇ ಉಳಿಯಿತು.

ಪಟ್ಟಾ ಕೈಬಿಟ್ಟರೆ ಏನಾಗುತ್ತದೆ ಅಂತ ನೋಡಲು ಬಳ್ಳಾರಿ ಹತ್ತಿರದ ಕುಡಿತಿನಿಗೆ ಹೋಗಬೇಕು. ಅಲ್ಲಿ ಎನ್‌ಎ ಮಾತೇ ಬರಲಿಲ್ಲ. 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯಡಿ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) ಮೂಲಕ ಉಕ್ಕಿನ ಕಾರ್ಖಾನೆಗಳಿಗೆ ಅಂತ ಸಾವಿರಾರು ಎಕರೆ ಸ್ವಾಧೀನವಾಯಿತು. ಹತ್ತು ವರ್ಷ ದಾಟಿದರೂ ಹೇಳಿದ ಕಾರ್ಖಾನೆಗಳು ಏಳಲಿಲ್ಲ. ಸರಿಯಾದ ಪರಿಹಾರಕ್ಕಾಗಿ ರೈತರು ವರ್ಷಗಟ್ಟಲೆ ಧರಣಿ ಕೂತರು. ಇತ್ತ ಕೊಪ್ಪಳದ ಭಾನಾಪುರದಲ್ಲಿ ಸುಮಾರು 400 ಎಕರೆಯಲ್ಲಿ ಆಟಿಕೆ ಕ್ಲಸ್ಟರ್‌ಗೆ 2021ರ ಜನವರಿಯಲ್ಲಿ ಅಡಿಗಲ್ಲು ಬಿತ್ತು. ಹುಬ್ಬಳ್ಳಿ-ಹೊಸಪೇಟೆ ಹೆದ್ದಾರಿಯೂ ರೈಲೂ ಅಲ್ಲಿ ಹತ್ತಿರದಲ್ಲೇ ಇವೆ. ಹೂಡಿಕೆದಾರರು ಮೊದಲು ಕಣ್ಣು ಹಾಯಿಸುವುದು ಇಂಥ ರಸ್ತೆ, ರೈಲಿನ ಮೇಲೆಯೇ.

ಯಾರಾದರೂ ನಿಮ್ಮ ಹೊಲ ಕೇಳಿಕೊಂಡು ಬಂದರೆ ಮೊದಲು ಮಾತುಕತೆ ಬರವಣಿಗೆಗೆ ಬರಲಿ. ಮುಂಗಡ ಕೈಗೆ ಬರಲಿ. ಏನು ಕಟ್ಟುತ್ತಾರೆ ಅನ್ನುವುದು ಖಚಿತವಾಗಲಿ. ಎನ್‌ಎ ಶುಲ್ಕ ಯಾರು ಕಟ್ಟಬೇಕು, ಕೆಲಸ ಶುರುವಾಗದಿದ್ದರೆ ಏನು ಅನ್ನುವುದೂ ಅದೇ ಕಾಗದದಲ್ಲಿ ಇರಲಿ. ಅರ್ಜಿ ಅದರ ನಂತರ.

ಕಾಕಾನ ಜಾಗಕ್ಕೆ ಆ ಗೋದಾಮಿನವರು ಮತ್ತೆ ಬಂದರು. ಅವನದು ವಸತಿಗೆ ಅಂತ ಆಗಿದ್ದ ಎನ್‌ಎ. ಅದನ್ನು ವಾಣಿಜ್ಯಕ್ಕೆ ಬದಲಾಯಿಸುವ ಅರ್ಜಿ ಈಗ ಕಚೇರಿಯಲ್ಲಿದೆ. ಈ ಸಲದ ಶುಲ್ಕ ಅವರದು. ಕಾಕಾನ ಒಡಹುಟ್ಟಿದವರಾದ ನಮ್ಮ ಅತ್ತೆಯಂದಿರು ಇಬ್ಬರೂ ಬಂದು ಸಹಿ ಹಾಕಿ ಹೋಗಿದ್ದಾರೆ.