ಸಿನಿಮಾ ಎಲ್ಲಿ ನಿಲ್ಲುತ್ತದೆ? ಕ್ರಾಂತಿಕಾರಿಯ ಯೌವನ ತೋರಿಸುವ ಚಿತ್ರಗಳ ಬಗ್ಗೆ ಟಿಪ್ಪಣಿ

ಕಳೆದ ಭಾನುವಾರ ತ್ಯಾಗರಾಜನಗರದ ಮನೆಯಲ್ಲಿ ನಾವು ಏಳು ಜನ ಕೂತು ‘ದಿ ಮೋಟಾರ್‌ಸೈಕಲ್ ಡೈರೀಸ್’ ನೋಡಿದೆವು. ಬರಲಾಗದವರು ಟಿಪ್ಪಣಿ ಕೇಳಿದ್ದಿರಿ. ಸಿನಿಮಾ ಅಧ್ಯಯನದ ಪತ್ರಿಕೆ ತಗೊಂಡವರಿಗೆ ಇದು ಅಸೈನ್‌ಮೆಂಟಿಗೂ ಬೇಕಾಗುತ್ತದೆ, ಹಾಗಾಗಿ ಸ್ವಲ್ಪ ಬಿಡಿಸಿಯೇ ಬರೆಯುತ್ತಿದ್ದೇನೆ.

ಪ್ರಶ್ನೆ ಇದು: ಮುಂದೆ ವಿವಾದಕ್ಕೆ ಸಿಕ್ಕ ಕ್ರಾಂತಿಕಾರಿಗಳ ಯೌವನವನ್ನು ತೋರಿಸುವಾಗ ಸಿನಿಮಾ ಅವರಿಗೆ ಇಲ್ಲದ ಮೆರುಗು ಕೊಡುತ್ತದಾ? ಪುಸ್ತಕಗಳಲ್ಲಿ ಇದಕ್ಕೆ ‘ರಮ್ಯಗೊಳಿಸುವುದು’ ಅಂತಾರೆ. ನನಗೆ ‘ಮೆರುಗು’ ಇನ್ನೂ ಸರಿ ಅನ್ನಿಸುತ್ತದೆ. ಮೆರುಗು ಕೊಟ್ಟ ಪಾತ್ರೆ ಸುಳ್ಳು ಪಾತ್ರೆಯಲ್ಲ. ಆದರೆ ಅದರ ಮೇಲಿನ ಕಲೆ, ಗೀರು ಕಾಣುವುದಿಲ್ಲ.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹೌದು, ಕೊಡುತ್ತದೆ. ಆದರೆ ಹುಡುಗನನ್ನು ಒಳ್ಳೆಯವನಾಗಿ ತೋರಿಸಿದ್ದೇ ತಪ್ಪು ಅನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಅವನು ಒಳ್ಳೆಯವನಾಗಿಯೇ ಇದ್ದಿರಬಹುದು, ಅಲ್ವಾ? ನೋಡಬೇಕಾದ್ದು ಕತ್ತರಿ ಬಿದ್ದ ಜಾಗ. ಚಿತ್ರ ಎಲ್ಲಿ ಶುರುವಾಯಿತು, ಎಲ್ಲಿ ನಿಂತಿತು, ನಡುವೆ ಏನು ಉದುರಿಹೋಯಿತು ಅನ್ನುವುದು.

ಮೊದಲು ಕಥೆ. 1952ರಲ್ಲಿ 23 ವರ್ಷದ ವೈದ್ಯ ವಿದ್ಯಾರ್ಥಿ ಅರ್ನೆಸ್ಟೊ ಗೆವಾರ ತನ್ನ ಗೆಳೆಯ, ಜೀವರಸಾಯನಶಾಸ್ತ್ರಜ್ಞ ಆಲ್ಬರ್ಟೊ ಗ್ರನಾಡೊ ಜೊತೆ ಹಳೆಯ ನಾರ್ಟನ್ 500 ಬೈಕಿನಲ್ಲಿ ದಕ್ಷಿಣ ಅಮೆರಿಕ ಸುತ್ತಲು ಹೊರಡುತ್ತಾನೆ. ಬೈಕು ಚಿಲಿಯಲ್ಲೇ ಕೈಕೊಡುತ್ತದೆ. ಆಮೇಲೆ ಲಾರಿ, ಹಡಗು, ನಡಿಗೆ. ಚಿಲಿಯ ತಾಮ್ರದ ಗಣಿ, ಪೆರುವಿನ ಮಾಚು ಪಿಚು, ಅಮೆಜಾನ್ ದಡದ ಸಾನ್ ಪಾಬ್ಲೊ ಕುಷ್ಠರೋಗಿಗಳ ವಸಾಹತು, ಕೊನೆಗೆ ವೆನೆಜುವೆಲಾದ ಕರಾಕಸ್. ಈ ಹುಡುಗನೇ ಮುಂದೆ ಕ್ಯೂಬಾ ಕ್ರಾಂತಿಯ ನಾಯಕನಾದ ‘ಚೆ’. ವಾಲ್ಟರ್ ಸಾಲೆಸ್ ನಿರ್ದೇಶನದ ಚಿತ್ರ ಬಂದದ್ದು 2004ರಲ್ಲಿ. ಅರ್ನೆಸ್ಟೊ ಪಾತ್ರದಲ್ಲಿ ಗೇಲ್ ಗಾರ್ಸಿಯಾ ಬೆರ್ನಾಲ್.

ಈಗ ಒಂದು ದೃಶ್ಯವನ್ನು ಹತ್ತಿರದಿಂದ ನೋಡೋಣ. ಸಾನ್ ಪಾಬ್ಲೊದಲ್ಲಿ ನದಿ ಎರಡು ಲೋಕಗಳನ್ನು ಬೇರೆ ಮಾಡುತ್ತದೆ. ಒಂದು ದಡದಲ್ಲಿ ವೈದ್ಯರು, ನರ್ಸ್‌ಗಳು, ಕ್ರೈಸ್ತ ಸನ್ಯಾಸಿನಿಯರು. ಇನ್ನೊಂದು ದಡದಲ್ಲಿ ರೋಗಿಗಳು. ಅರ್ನೆಸ್ಟೊನ 24ನೇ ಹುಟ್ಟುಹಬ್ಬದ ರಾತ್ರಿ, ಈ ದಡದಲ್ಲಿ ಪಾರ್ಟಿ. ಅವನು ಭಾಷಣ ಮಾಡುತ್ತಾನೆ: ನಮ್ಮ ಖಂಡವನ್ನು ದೇಶ ದೇಶ ಅಂತ ಒಡೆದಿರುವುದು ಸುಳ್ಳು ಗೆರೆ, ನಾವೆಲ್ಲ ಒಂದೇ ಜನ ಅನ್ನುವ ಅರ್ಥದ ಮಾತು. ಆಮೇಲೆ ಆಚೆ ದಡ ನೋಡುತ್ತಾನೆ. ಅಂಗಿ ಬಿಚ್ಚುತ್ತಾನೆ. ಆಸ್ತಮಾ ಇರುವ ಹುಡುಗ ಆ ಕತ್ತಲಲ್ಲಿ ನೀರಿಗೆ ಇಳಿಯುತ್ತಾನೆ. ಈ ದಡದಲ್ಲಿ ಗೆಳೆಯ ಬೇಡ ಬೇಡ ಅಂತ ಕೂಗುತ್ತಾನೆ. ಉಸಿರು ಸಿಕ್ಕದೆ ಒದ್ದಾಡುತ್ತಾ ಆಚೆ ದಡ ಮುಟ್ಟಿದಾಗ ರೋಗಿಗಳು ಅವನನ್ನು ಮೇಲೆತ್ತಿಕೊಳ್ಳುತ್ತಾರೆ. ನಮ್ಮ ಕೋಣೆಯಲ್ಲಿ ಆಗ ಯಾರೂ ಉಸಿರೆತ್ತಲಿಲ್ಲ. ಕಾಫಿ ತಂದ ಅಮ್ಮ ಲೋಟಗಳ ತಟ್ಟೆ ಹಿಡಿದುಕೊಂಡು ಬಾಗಿಲಲ್ಲೇ ನಿಂತು ಪೂರ್ತಿ ನೋಡಿದರು.

ಈಗ ಈ ಪ್ರವಾಸದ ಬಗ್ಗೆ ಅವನೇ ಬರೆದ, ಚಿತ್ರಕ್ಕೆ ಆಧಾರವಾದ ದಿನಚರಿ ತೆಗೆಯಿರಿ. ಆ ರಾತ್ರಿಯ ಅಧ್ಯಾಯದಲ್ಲಿ ಊಟ ಇದೆ, ಪಿಸ್ಕೋ ಮದ್ಯ ಇದೆ, ಭಾಷಣವೂ ಇದೆ. ಈಜು ಇಲ್ಲ. ಅಂದರೆ ಚಿತ್ರದ ಅತಿ ದೊಡ್ಡ ಗಳಿಗೆಯನ್ನು ಆ ರಾತ್ರಿಗೆ ಪೋಣಿಸಿದವರು ಚಿತ್ರದವರು.

ಇದು ಮೋಸವಾ? ಗುಂಪಿನಲ್ಲಿ ಇಬ್ಬರು ಹೌದು ಅಂದರು. ನಾನು ಅಲ್ಲ ಅಂತೀನಿ. ಅವನು ರೋಗಿಗಳನ್ನು ಕೈಗವಸು ಹಾಕದೆ ಮುಟ್ಟಿದ್ದು, ಅವರ ಜೊತೆ ಕೂತದ್ದು ನಿಜ. ಆ ನಿಜವನ್ನು ಒಂದು ಚಿತ್ರವಾಗಿ ಕಾಣಿಸಲು ನದಿ ದಾಟಿಸಿದ್ದಾರೆ. ಕಾದಂಬರಿ, ನಾಟಕ, ಸಿನಿಮಾ ಎಲ್ಲವೂ ಮಾಡುವ ಕೆಲಸ ಇದು. ಇಂಥ ಕಡೆ ಸಿನಿಮಾಗಿಂತ ನಿಜವೇ ಹೆಚ್ಚು ತಟ್ಟುವುದೂ ಉಂಟು. ಚಿಲಿಯಲ್ಲಿ ಕಮ್ಯುನಿಸ್ಟರು ಅನ್ನುವ ಕಾರಣಕ್ಕೆ ಬೀದಿಗೆ ಬಿದ್ದ ಗಂಡ ಹೆಂಡತಿ ಇವರಿಗೆ ಸಿಗುತ್ತಾರೆ. ಚಿತ್ರದಲ್ಲಿ ಪ್ರೇಯಸಿ ಕೊಟ್ಟ 15 ಡಾಲರ್ ಅವರ ಕೈ ಸೇರುತ್ತದೆ. ದಿನಚರಿಯಲ್ಲಿ ಇರುವುದು ಕಂಬಳಿ. ಆ ಇಬ್ಬರಿಗೆ ಹೊದೆಯಲು ಏನೂ ಇರಲಿಲ್ಲ. ಇವರ ಹತ್ತಿರ ಇದ್ದದ್ದು ಎರಡು ಕಂಬಳಿ. ಒಂದನ್ನು ಕೊಟ್ಟು, ಉಳಿದ ಒಂದರಲ್ಲಿ ಇವರಿಬ್ಬರು ಸುತ್ತಿಕೊಂಡು ಮಲಗಿದರು. ಅಷ್ಟು ಚಳಿ ಯಾವತ್ತೂ ತಿಂದಿರಲಿಲ್ಲ, ಆದರೆ ಮನುಷ್ಯರು ಅಷ್ಟು ಹತ್ತಿರ ಅಂತಲೂ ಅನ್ನಿಸಿರಲಿಲ್ಲ ಅನ್ನುವ ಅರ್ಥದಲ್ಲಿ ಬರೆಯುತ್ತಾನೆ. ಆ ಕಂಬಳಿಯನ್ನು ಚಿತ್ರದಲ್ಲಿ ಉಳಿಸಿಕೊಳ್ಳಬೇಕಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಹಾಗಾಗಿ ಕರುಣೆ ಸುಳ್ಳಲ್ಲ. ಹಾಗಾದರೆ ಮೆರುಗು ಎಲ್ಲಿದೆ?

ದಿನಚರಿಯ ಕೊನೆಯಲ್ಲಿ ಒಂದು ಪುಟ್ಟ ಅಧ್ಯಾಯವಿದೆ. ಅಂಚಿನಲ್ಲಿ ಬರೆದ ಮಾತು ಅನ್ನುವಂಥ ಹೆಸರು ಅದಕ್ಕೆ. ಪ್ರವಾಸ ಎಲ್ಲ ಮುಗಿದ ಮೇಲೆ ಬರುತ್ತದೆ. ಒಂದು ರಾತ್ರಿ, ಬೆಟ್ಟದ ಊರು, ಕತ್ತಲಲ್ಲಿ ಮುಖ ಸರಿಯಾಗಿ ಕಾಣದ ಒಬ್ಬ ಮನುಷ್ಯ. ಅವನ ಮಾತು ಕೇಳಿದ ಮೇಲೆ ಅರ್ನೆಸ್ಟೊ ತನ್ನ ಮುಂದಿನ ದಾರಿ ಬರೆಯುತ್ತಾನೆ. ಮನುಕುಲ ಎರಡಾಗಿ ಸೀಳಿದ ದಿನ ತಾನು ಜನರ ಕಡೆ ಇರುತ್ತೇನೆ ಅಂತಾನೆ. ಅಲ್ಲಿಗೇ ನಿಲ್ಲುವುದಿಲ್ಲ. ಮೈಮೇಲೆ ಬಂದವನಂತೆ ಅರಚುತ್ತಾ ಶತ್ರುವಿನ ಮೇಲೆ ಬೀಳುತ್ತೇನೆ, ಕೈಗೆ ಸಿಕ್ಕವನನ್ನು ಕೊಂದು ಹಾಕುತ್ತೇನೆ ಅಂತಾನೆ. ಮದ್ದಿನ ವಾಸನೆ, ರಕ್ತದ ವಾಸನೆ ಮೂಗಿಗೆ ಬರುತ್ತಿದೆ, ಅದನ್ನು ಸವಿಯುತ್ತಿದ್ದೇನೆ ಅನ್ನುವ ಮಾತೂ ಇದೆ.

ಇದನ್ನು ಬರೆದದ್ದು ಅದೇ ಹುಡುಗ. ಕಂಬಳಿ ಕೊಟ್ಟವನೇ. ಚಿತ್ರದಲ್ಲಿ ಈ ಪುಟದ ಸುಳಿವೇ ಇಲ್ಲ. ಕರಾಕಸ್‌ನಲ್ಲಿ ಕಪ್ಪು ಜನರ ಬಗ್ಗೆ ಅವನು ಬರೆದ ಕೀಳು ಮಾತುಗಳೂ ಇಲ್ಲ. ಆ ಮಾತುಗಳನ್ನು ಮೊದಲ ಸಲ ಓದಿದಾಗ ನನಗೆ ಪುಸ್ತಕ ಮುಚ್ಚಿಡುವ ಹಾಗಾಯಿತು. ಮುಂದೆ ಆಫ್ರಿಕಾದ ಕಾಂಗೋಗೆ ಹೋಗಿ ಹೋರಾಡಿದವನೂ ಇವನೇ. ಬೆಳೆದ, ಬದಲಾದ. ಆದರೆ ಬದಲಾಗುವ ಮುಂಚೆ ಹೇಗಿದ್ದ ಅನ್ನುವುದನ್ನು ಮುಚ್ಚಿಟ್ಟರೆ, ಬದಲಾವಣೆಯ ಕಥೆ ಹೇಳುತ್ತೇನೆ ಅಂತ ಹೊರಟ ಚಿತ್ರ ಅರ್ಧವನ್ನೇ ಹೇಳಿದಂತಾಗುತ್ತದೆ.

ಇಲ್ಲಿ ಒಂದು ಎಚ್ಚರ. ಈ ದಿನಚರಿಯೂ ದಾರಿಯಲ್ಲಿ ಗೀಚಿದ್ದು ಗೀಚಿದ ಹಾಗೇ ಉಳಿದಿಲ್ಲ. ಊರಿಗೆ ಬಂದ ಮೇಲೆ ಅವನೇ ಕೂತು ತಿದ್ದಿ ಬರೆದ. ಟಿಪ್ಪಣಿ ಮಾಡಿಕೊಂಡವನು ಸತ್ತುಹೋದ, ಈಗ ತಿದ್ದುತ್ತಿರುವವನು ಬೇರೆಯವನು ಅನ್ನುವ ಅರ್ಥದ ಮಾತನ್ನು ಮೊದಲ ಪುಟಗಳಲ್ಲೇ ಇಡುತ್ತಾನೆ. ಅಸೈನ್‌ಮೆಂಟಿನಲ್ಲಿ ‘ದಿನಚರಿ ನಿಜ, ಸಿನಿಮಾ ಸುಳ್ಳು’ ಅಂತ ಗೆರೆ ಎಳೆಯಬೇಡಿ. ಮೊದಲ ಮೆರುಗು ಅವನದೇ ಕೈಯದು.

ಇನ್ನು ಕೊನೆಯ ಬರಹ. ಚಿತ್ರ 1952ರಲ್ಲಿ, ವಿಮಾನ ಹತ್ತುವ ಹುಡುಗನಲ್ಲಿ ನಿಲ್ಲುತ್ತದೆ. ಆಮೇಲೆ ತೆರೆಯ ಮೇಲೆ ನಾಲ್ಕು ಸಾಲು: ಕ್ಯೂಬಾ ಕ್ರಾಂತಿಯ ನಾಯಕನಾದ, ಕಾಂಗೋ ಮತ್ತು ಬೊಲಿವಿಯಾದಲ್ಲಿ ಹೋರಾಡಿದ, 1967ರಲ್ಲಿ ಸೆರೆಸಿಕ್ಕು ಕೊಲೆಯಾದ. ಮುದುಕರಾದ ನಿಜವಾದ ಗ್ರನಾಡೊ ಆಕಾಶ ನೋಡುತ್ತಾ ನಿಂತಿರುತ್ತಾರೆ. ಕಣ್ಣು ತುಂಬುತ್ತದೆ. ಆದರೆ ಲೆಕ್ಕ ನೋಡಿ. ಹೋರಾಟ ಇದೆ, ಸಾವು ಇದೆ, ಅಧಿಕಾರ ಇಲ್ಲ. 1959ರ ಜನವರಿಯಲ್ಲಿ ಹವಾನಾದ ಲಾ ಕಬಾನ್ಯಾ ಕೋಟೆ ಚೆ ಕೈಗೆ ಬಂತು. ಕ್ರಾಂತಿ ಉರುಳಿಸಿದ ಬಟಿಸ್ಟಾ ಸರ್ಕಾರದ ಪೊಲೀಸರು, ಸೈನಿಕರು ಮುಂತಾದವರನ್ನು ಕ್ರಾಂತಿಯ ನ್ಯಾಯಮಂಡಳಿಗಳು ಅಲ್ಲಿ ವಿಚಾರಣೆ ಮಾಡಿದವು. ಮೇಲ್ಮನವಿ ಬರುತ್ತಿದ್ದದ್ದು ಚೆ ಮುಂದೆ. ಹತ್ತಾರು ಜನರನ್ನು ಗುಂಡಿಟ್ಟು ಕೊಂದರು. ಇದನ್ನು ಅವನು ಯಾವತ್ತೂ ಬಚ್ಚಿಡಲಿಲ್ಲ. 1964ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯಲ್ಲಿ ನಿಂತು, ಹೌದು, ಗುಂಡಿಟ್ಟಿದ್ದೇವೆ, ಬೇಕಾಗಿರುವಷ್ಟು ಕಾಲ ಇನ್ನೂ ಇಡುತ್ತೇವೆ ಅಂತ ನೇರವಾಗಿ ಹೇಳಿದ. ಅವನೇ ಬಚ್ಚಿಡದ್ದನ್ನು ಅವನನ್ನು ಪ್ರೀತಿಸುವವರು ಯಾಕೆ ಬಚ್ಚಿಡಬೇಕು?

ಗುಂಪಿನಲ್ಲಿ ಒಬ್ಬರು ಕೇಳಿದರು: ಚಿತ್ರ ಇರುವುದೇ ಎಂಟು ತಿಂಗಳ ಪ್ರವಾಸದ ಬಗ್ಗೆ, 1959 ಯಾಕೆ ತರಬೇಕು? ಒಳ್ಳೆಯ ಪ್ರಶ್ನೆ. ನನ್ನ ಉತ್ತರ: ಅರ್ಜೆಂಟೀನಾದ ಯಾರೋ ಇಬ್ಬರು ಹುಡುಗರು ಬೈಕ್ ಓಡಿಸಿದರು ಅಂತ ಹೇಳಿದ್ದರೆ ನಾವು ಭಾನುವಾರ ಬೆಳಿಗ್ಗೆ ಎದ್ದು ಬರುತ್ತಿದ್ದೆವಾ? ಮುಂದಿನ ಚೆಯ ಹೆಸರನ್ನು ಚಿತ್ರ ಸಾಲ ತಗೊಂಡಿದೆ. ನದಿ ದಾಟುವಾಗ ನಮ್ಮ ಎದೆ ಹೊಡೆದುಕೊಳ್ಳುವುದಕ್ಕೂ ಅದು ಕಾರಣ. ಸಾಲ ತಗೊಂಡವರು ಲೆಕ್ಕ ಕೊಡಬೇಕು. ಒಂದೇ ಒಂದು ಸಾಲು ಸಾಕಿತ್ತು.

ಸ್ಟೀವನ್ ಸೋಡರ್‌ಬರ್ಗ್ 2008ರಲ್ಲಿ ಇದೇ ಮನುಷ್ಯನ ಬಗ್ಗೆ ನಾಲ್ಕು ಗಂಟೆಗೂ ಜಾಸ್ತಿ ಉದ್ದದ, ಎರಡು ಭಾಗದ ಚಿತ್ರ ಮಾಡಿದರು. ಅದು ಯೌವನದ ಪ್ರವಾಸ ಅಲ್ಲ, ಯುದ್ಧ. ಮೊದಲ ಭಾಗ ಹವಾನಾಗೆ ಹೋಗುವ ದಾರಿಯಲ್ಲೇ ಮುಗಿಯುತ್ತದೆ. ಎರಡನೆಯದು ಬೊಲಿವಿಯಾದ್ದು. ನ್ಯೂಯಾರ್ಕ್‌ನ ಕೆಲವು ದೃಶ್ಯ ಬಿಟ್ಟರೆ, ಅಧಿಕಾರದ ವರ್ಷಗಳು ಎರಡು ಭಾಗಗಳ ನಡುವಿನ ಸಂದಿಯಲ್ಲಿ ಬಿದ್ದುಹೋಗಿವೆ.

ಮೆಜೆಸ್ಟಿಕ್‌ನ ಫುಟ್‌ಪಾತಿನಲ್ಲಿ ಟೀ ಶರ್ಟ್ ಮೇಲೆ ನೋಡುತ್ತೀರಲ್ಲ, ಆ ಮುಖದ್ದೂ ಇದೇ ಕಥೆ. ಟೋಪಿ, ನಕ್ಷತ್ರ, ದೂರ ನೋಡುವ ಕಣ್ಣು. ಫೋಟೊ ತೆಗೆದವರು ಆಲ್ಬರ್ಟೊ ಕೊರ್ಡಾ, 1960ರ ಮಾರ್ಚ್ 5ರಂದು. ಹವಾನಾ ಬಂದರಿನಲ್ಲಿ ಹಡಗು ಸಿಡಿದು ಸತ್ತವರ ನೆನಪಿನ ಸಭೆ ಅದು. ಮೂಲ ಫೋಟೊದಲ್ಲಿ ಒಂದು ಪಕ್ಕ ಇನ್ನೊಬ್ಬ ಮನುಷ್ಯನ ಮುಖ ಇದೆ, ಇನ್ನೊಂದು ಪಕ್ಕ ತಾಳೆಗರಿ. ಎರಡನ್ನೂ ಕತ್ತರಿಸಿದ ಮೇಲೆ ಊರಿಲ್ಲದ, ಕಾಲವಿಲ್ಲದ ಮುಖ ಉಳಿಯಿತು. ನಾವು ಅದನ್ನು ಕನಸುಗಣ್ಣಿನ ತರುಣ ಅಂತ ಓದುತ್ತೇವೆ. ಲಾ ಕಬಾನ್ಯಾ ಆಗಿ ಆಗಲೇ ಒಂದು ವರ್ಷ ಕಳೆದಿತ್ತು.

ಮುಖ ಹೀಗೆ ನಿಂತುಬಿಡುವುದು ನಮ್ಮ ಊರಿಗೆ ಹೊಸದಲ್ಲ. ಬೆಂಗಳೂರಿನ ಆಟೋಗಳ ಹಿಂದೆ ಶಂಕರ್‌ನಾಗ್ ಇನ್ನೂ 35 ದಾಟಿಲ್ಲ. ನಾನೂ ಆ ಚಿತ್ರ ಕಂಡಾಗಲೆಲ್ಲ ಪ್ರೀತಿಯಿಂದಲೇ ನೋಡುತ್ತೇನೆ. ಆದರೆ ಶಂಕರ್‌ನಾಗ್ ಯಾರ ಮೇಲ್ಮನವಿಯನ್ನೂ ತಳ್ಳಿಹಾಕಿದವರಲ್ಲ.

ಈಗ ಭಾಷೆಯ ವಿಷಯ. ಇದು ನನಗೆ ಗುಂಪಿನ ಒಬ್ಬಳ ನೋಟ್‌ಬುಕ್‌ನಿಂದ ಸಿಕ್ಕಿದ್ದು. ಪ್ರವಾಸದ ಭಾಗಕ್ಕೆ ಅವಳು ‘ಅವನು ನದಿ ದಾಟಿದ’ ಅಂತ ಬರೆದಿದ್ದಳು. ಎರಡು ಪುಟ ಆದಮೇಲೆ ‘ಅವರು ಲಾ ಕಬಾನ್ಯಾದ ಮುಖ್ಯಸ್ಥರಾಗಿದ್ದರು’. ಯಾಕೆ ಬದಲಾಯಿತು ಅಂತ ಕೇಳಿದರೆ ಅವಳಿಗೇ ಗೊತ್ತಾಗಿರಲಿಲ್ಲ. ನೋಡಿ, ಕನ್ನಡದಲ್ಲಿ ‘ಅವನು’ ಅಂದ ಕೂಡಲೇ ಮನೆಯ ಹುಡುಗ ಆಗುತ್ತಾನೆ. ರಾಯಣ್ಣನನ್ನೂ ನಾವು ‘ಅವನು’ ಅಂತಲೇ ಪ್ರೀತಿಯಿಂದ ಕರೆಯುತ್ತೇವೆ. ‘ಅವರು’ ಅಂದಾಗ ಮರ್ಯಾದೆ ಬರುತ್ತದೆ, ಜೊತೆಗೆ ದೂರವೂ. ಹುಡುಗ ಒಬ್ಬ, ಕಮಾಂಡರ್ ಇನ್ನೊಬ್ಬ ಅನ್ನುವ ಹಾಗೆ. ಚಿತ್ರ ಕತ್ತರಿಯಲ್ಲಿ ಮಾಡಿದ್ದನ್ನು ನಾವು ಸರ್ವನಾಮದಲ್ಲಿ ಮಾಡಿಬಿಡುತ್ತೇವೆ. ಅವಳು ಅಲ್ಲೇ ಪೆನ್ ತೆಗೆದು ಎರಡೂ ಕಡೆ ‘ಅವನು’ ಅಂತ ತಿದ್ದಿದಳು. ಈ ಟಿಪ್ಪಣಿಯಲ್ಲಿ ಚೆ ಬಗ್ಗೆ ಬರೆಯುವಾಗ ನಾನೂ ಅದನ್ನೇ ಪಾಲಿಸಿದ್ದೇನೆ.

ಭಗತ್ ಸಿಂಗ್ ಚಿತ್ರಗಳಿಗೂ ಇದೇ ಅಳತೆ ಹಿಡಿಯಬಹುದಾ? ಪೂರ್ತಿ ಆಗುವುದಿಲ್ಲ. 1931ರ ಮಾರ್ಚ್ 23ರಂದು ಗಲ್ಲಿಗೇರಿಸಿದಾಗ ಅವರಿಗೆ 23 ವರ್ಷ. ಯೌವನವೇ ಪೂರ್ತಿ ಬದುಕು, ಕತ್ತರಿಸಲು ‘ಆಮೇಲೆ’ ಅನ್ನುವುದೇ ಇಲ್ಲ. ಅಲ್ಲಿ ಮೆರುಗು ಬೇರೆ ಕಡೆ ಬೀಳುತ್ತದೆ. ಪಿಸ್ತೂಲು, ಬಾಂಬು, ಹಾಡು ಜಾಸ್ತಿ. ಓದು ಕಡಿಮೆ. ಜೈಲಿನಲ್ಲಿ ಅವರು ಹಗಲು ರಾತ್ರಿ ಓದಿದರು, ತಾನು ಯಾಕೆ ನಾಸ್ತಿಕ ಅಂತ ವಾದ ಕಟ್ಟಿ ಬರೆದರು. ಸಾಯುವ ಕೆಲವೇ ವಾರ ಮುಂಚೆ, 1931ರ ಫೆಬ್ರವರಿಯಲ್ಲಿ, ತರುಣ ಕಾರ್ಯಕರ್ತರಿಗೆ ಬರೆದ ಪತ್ರದಲ್ಲಿ ತಾನು ಭಯೋತ್ಪಾದಕನಲ್ಲ, ಬಹುಶಃ ಶುರುವಿನ ದಿನಗಳನ್ನು ಬಿಟ್ಟರೆ, ಅನ್ನುವ ಮಾತಿದೆ. 23 ವರ್ಷದ ಹುಡುಗ ತನ್ನ 21ನೇ ವಯಸ್ಸನ್ನು ತಿರುಗಿ ನೋಡಿ ಇದನ್ನು ಹೇಳುತ್ತಾರೆ. 1928ರಲ್ಲಿ ಬ್ರಿಟಿಷ್ ಪೊಲೀಸ್ ಅಧಿಕಾರಿ ಸ್ಕಾಟ್‌ಗೆ ಗುರಿಯಿಟ್ಟು, ಅವನ ಬದಲು ಇನ್ನೊಬ್ಬ ಅಧಿಕಾರಿ ಸಾಂಡರ್ಸ್‌ನನ್ನು ಕೊಂದದ್ದು, ಬೆನ್ನಟ್ಟಿ ಬಂದ ಚನನ್ ಸಿಂಗ್ ಅನ್ನುವ ಹೆಡ್ ಕಾನ್‌ಸ್ಟೇಬಲ್ ಕೂಡ ಗುಂಡಿಗೆ ಬಲಿಯಾದದ್ದು, ಎಲ್ಲವೂ ಆ ವಾಕ್ಯದ ಹಿಂದೆ ಇವೆ. ಇಂಥ ವಾಕ್ಯ ಸಿಕ್ಕರೆ ಯಾವ ಚಿತ್ರಕಥೆಗಾರನಾದರೂ ಕಣ್ಣಿಗೊತ್ತಿಕೊಳ್ಳಬೇಕು ಅಂತ ನಾನು ಅಂದುಕೊಳ್ಳುತ್ತೇನೆ.

‘ಆರ್‌ಆರ್‌ಆರ್’ ಬಗ್ಗೆ ಕೇಳಿದ್ದಿರಿ. ಅಲ್ಲೂರಿ ಸೀತಾರಾಮ ರಾಜು, ಕೊಮರಂ ಭೀಮ್ ಗೆಳೆಯರಾಗಿದ್ದರು ಅನ್ನುವುದು ಪೂರ್ತಿ ಕಲ್ಪನೆ, ಚಿತ್ರದವರೂ ಹಾಗೇ ಹೇಳಿದ್ದಾರೆ. ಅದು ನಮ್ಮ ಪ್ರಶ್ನೆಗೆ ಅಷ್ಟಾಗಿ ಹೊಂದುವುದಿಲ್ಲ.

ಹೊಂದುವುದು ಒಲಿವಿಯೆ ಅಸಾಯಾಸ್ ಅವರ ‘ಕಾರ್ಲೋಸ್’, 2010ರದ್ದು. ಕ್ರಾಂತಿಯ ಹೆಸರಿನಲ್ಲಿ ಭಯೋತ್ಪಾದನೆಗೆ ಇಳಿದ ವೆನೆಜುವೆಲಾದ ಕಾರ್ಲೋಸ್ ದಿ ಜಾಕಲ್ ಬಗ್ಗೆ. ಶುರುವಿನಲ್ಲಿ ಅವನೂ ಚೆಂದದ ತರುಣ. ಒಂದು ದೃಶ್ಯದಲ್ಲಿ ಕನ್ನಡಿ ಮುಂದೆ ಬೆತ್ತಲೆ ನಿಂತು ತನ್ನನ್ನೇ ನೋಡಿಕೊಳ್ಳುತ್ತಾನೆ. ಮೆರುಗು ಇದೆ, ಆದರೆ ಆ ಮೆರುಗನ್ನು ಮೆಚ್ಚಿಕೊಳ್ಳುತ್ತಿರುವವನು ಅವನೇ ಅಂತ ಕ್ಯಾಮೆರಾ ನಮಗೆ ತೋರಿಸುತ್ತದೆ. ಚಿತ್ರ ಅಲ್ಲಿ ನಿಲ್ಲದೆ 1994ರವರೆಗೆ ಹೋಗುತ್ತದೆ. ಮೈ ಬಂದು, ಯಾರಿಗೂ ಬೇಡವಾಗಿ, ಸುಡಾನ್‌ನಲ್ಲಿ ಸೆರೆಸಿಗುವವರೆಗೆ.

ಮುಂದಿನ ಭಾನುವಾರ ಅದನ್ನೇ ಹಾಕುತ್ತೇವೆ. ಐದೂವರೆ ಗಂಟೆ ಇದೆ, ಹಾಗಾಗಿ ಒಂಬತ್ತಕ್ಕೇ ಬನ್ನಿ. ನಡುವೆ ಊಟಕ್ಕೆ ನಿಲ್ಲಿಸೋಣ, ಅಮ್ಮ ಬಿಸಿಬೇಳೆಬಾತ್ ಮಾಡುತ್ತೇನೆ ಅಂದಿದ್ದಾರೆ. ಬರುವಾಗ ಗೆವಾರನ ಆ ಕೊನೆಯ ಅಧ್ಯಾಯ ಓದಿಕೊಂಡು ಬನ್ನಿ. ಎರಡೇ ಪುಟ. ಓದಿದ ಮೇಲೆ ನದಿಯ ದೃಶ್ಯವನ್ನು ಇನ್ನೊಮ್ಮೆ ನೋಡಿ, ಏನನ್ನಿಸಿತು ಅಂತ ನಿಮ್ಮ ನೋಟ್‌ಬುಕ್‌ನಲ್ಲಿ ಬರೆದು ತನ್ನಿ.