50% ಬಿಟ್ಟೆ ಅಂತೀರಿ, ಯಾವ ದರದಿಂದ?

ಶಿರಸಿಯಲ್ಲಿ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಡಿಸ್ಕೌಂಟ್ ಬ್ಯಾನರ್ ಮಾತ್ರ ವರ್ಷಪೂರ್ತಿ. ಆಷಾಢ ಸೇಲ್, ಚೌತಿ ಸೇಲ್, ದೀಪಾವಳಿ ಸೇಲ್, ಅದರ ಜೊತೆಗೆ ಎಂದೂ ಖಾಲಿಯಾಗದ ‘ಅಂಗಡಿ ಖಾಲಿ’ ಸೇಲ್. “ನಮ್ಮ ಸಾಮಾನು, ನಮ್ಮ ದರ, ಎಷ್ಟಾದರೂ ಬಿಡ್ತೇವೆ, ಕಾನೂನಿಗೆ ಇಲ್ಲೇನು ಕೆಲಸ ವಕೀಲ್ರೇ?” ಅಂತ ಅಂಗಡಿಯವರು ಕೇಳುತ್ತಾರೆ. ದರ ಇಳಿಸುವುದು ತಪ್ಪೇ ಅಲ್ಲ. ಯಾವ ದರದಿಂದ ಇಳಿಸಿದಿರಿ ಅನ್ನುವುದು ಸುಳ್ಳಾಗಿದ್ದರೆ ತಪ್ಪು.

600 ರೂಪಾಯಿಗೆ ಮಾರುತ್ತಿದ್ದ ಸೀರೆಗೆ 1,200 ಅಂತ ಚೀಟಿ ಹಚ್ಚಿ, ಅದಕ್ಕೊಂದು ಗೀಟು ಎಳೆದು, ಮತ್ತೆ 600ಕ್ಕೇ ಕೊಟ್ಟರೆ ನೀವು ಬಿಟ್ಟಿದ್ದೇನು? ಒಂದು ವಸ್ತು ಸಾಮಾನ್ಯವಾಗಿ ಎಷ್ಟಕ್ಕೆ ಮಾರಾಟವಾಗುತ್ತದೆ ಅನ್ನುವ ಬಗ್ಗೆ ಜನರ ದಾರಿ ತಪ್ಪಿಸುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಸಾಕ್ಷಿ ಯಾರು ಕೊಡ್ತಾರೆ ಅಂದುಕೊಳ್ಳಬೇಡಿ. ಹಿಂದಿನ ತಿಂಗಳು ಅದೇ ಸೀರೆ ಒಯ್ದವರ ಕೈಲಿ ನಿಮ್ಮದೇ ಜಿಎಸ್‌ಟಿ ಬಿಲ್ ಇರುತ್ತದೆ, ಅಷ್ಟು ಸಾಕು.

ಎಂಆರ್‌ಪಿ ಮೇಲೆ 40% ಬಿಟ್ಟು, ಬಿಲ್ಲಿನಲ್ಲಿ ತೆರಿಗೆ ಬೇರೆ ಸೇರಿಸುವವರೂ ಇದ್ದಾರೆ. ಎಂಆರ್‌ಪಿ ಅಂದರೆ ಎಲ್ಲ ತೆರಿಗೆ ಸೇರಿದ ದರ ಅಲ್ವಾ? ಜಿಎಸ್‌ಟಿಗೆ ಮುಂಚಿನ ವ್ಯಾಟ್ ತೆರಿಗೆಯ ಕಾಲದಲ್ಲೇ ರಾಷ್ಟ್ರೀಯ ಗ್ರಾಹಕ ಆಯೋಗ ಇದನ್ನು ತಪ್ಪು ಎಂದಿದೆ.

ಇನ್ನು ಬ್ಯಾನರಿನ ಚುಕ್ಕಿ (*) ಗುರುತು. ಬ್ಯಾನರ್ ಪೂರ್ತಿ ದಪ್ಪ ಕನ್ನಡ, ‘ಷರತ್ತು ಅನ್ವಯ’ ಮಾತ್ರ ಮೂಲೆಯಲ್ಲಿ ಇರುವೆ ಗಾತ್ರದ ಇಂಗ್ಲಿಷ್. ಹಾಗೆ ಮಾಡುವಂತಿಲ್ಲ. ಘೋಷಣೆ ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿ, ಅದೇ ಅಕ್ಷರದಲ್ಲಿ, ಕಣ್ಣಿಗೆ ಬೀಳುವ ಜಾಗದಲ್ಲಿ ಇರಬೇಕು ಅಂತ 2022ರ ಜೂನ್‌ನಲ್ಲಿ ಬಂದ, ದಾರಿ ತಪ್ಪಿಸುವ ಜಾಹೀರಾತು ತಡೆಯುವ ಮಾರ್ಗಸೂಚಿ ಹೇಳುತ್ತದೆ. ನಾಲ್ಕೇ ಮಿಕ್ಸರ್ ಇಟ್ಟುಕೊಂಡು ಊರಿಗೆಲ್ಲ ಆಟೋದಲ್ಲಿ ಮೈಕ್ ಕೂಗಿಸುವುದಕ್ಕೂ ಅಲ್ಲಿ ತಡೆ ಇದೆ. ಸ್ಟಾಕ್ ಕಡಿಮೆ ಇದ್ದರೆ ಹಾಗಂತ ಮೊದಲೇ ಹೇಳಬೇಕು.

ಸುಳ್ಳು ಜಾಹೀರಾತಿಗೆ 10 ಲಕ್ಷ ದಂಡ ಅಂತ ಹೆದರಿಸುವ ಮೆಸೇಜು ವಾಟ್ಸಾಪ್‌ನಲ್ಲಿ ಓಡಾಡುತ್ತದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಅಂಗಡಿಯವರಿಗೂ ಜಾಹೀರಾತು ನಿಲ್ಲಿಸಲು ಆದೇಶ ಮಾಡಬಹುದು, ಆದರೆ ಆ ದಂಡವನ್ನು ಕಾಯ್ದೆ ಹೇಳಿರುವುದು ಮುಖ್ಯವಾಗಿ ತಯಾರಕರಿಗೆ ಮತ್ತು ಪ್ರಚಾರಕ್ಕೆ ಮುಖ ಕೊಟ್ಟವರಿಗೆ. ಹಾಗಂತ ಸುಮ್ನೆ ನಿಶ್ಚಿಂತೆಯಿಂದ ಇರಬೇಡಿ, ಯಾಕೆಂದರೆ ಬೇರೆಯವರು ಮಾಡಿದ ಮಸಾಲೆ, ನೈಟಿಗೆ ನಿಮ್ಮ ಅಂಗಡಿ ಹೆಸರು ಹಾಕಿ ಮಾರಿದರೆ ಕಾಯ್ದೆಯ ಕಣ್ಣಿಗೆ ನೀವೇ ತಯಾರಕರು.

ಸಣ್ಣ ಅಂಗಡಿಗೆ ಜಾಸ್ತಿ ತಾಪತ್ರಯ ಜಿಲ್ಲಾ ಗ್ರಾಹಕ ಆಯೋಗದಿಂದಲೇ. ಹಣ ವಾಪಸ್, ಪರಿಹಾರ, ಮೇಲಿಂದ ನಿಮ್ಮದೇ ಖರ್ಚಿನಲ್ಲಿ ತಿದ್ದುಪಡಿ ಜಾಹೀರಾತು, ಇಷ್ಟಕ್ಕೂ ಆದೇಶ ಮಾಡಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವೇ ಇಲ್ಲ. ನಮ್ಮ ಜಿಲ್ಲೆಯ ಆಯೋಗ ಇರುವುದು ಕಾರವಾರದಲ್ಲಿ, ಆದರೆ ಗ್ರಾಹಕರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಹಾಕಬಹುದು. ಗೋಕರ್ಣಕ್ಕೆ ಬಂದ ಪ್ರವಾಸಿ ಬೆಂಗಳೂರಿಗೆ ಮರಳಿ ದೂರು ಕೊಟ್ಟರೆ ಓಡಾಟ ನಿಮ್ಮದು.

ಹಾಗಾಗಿ ಸೇಲ್ ಶುರುವಾಗುವ ಮುಂಚೆ ಹಳೇ ದರದ ನಾಲ್ಕಾರು ಬಿಲ್ ತೆಗೆದು ಒಂದು ಫೈಲಿನಲ್ಲಿಡಿ, ಬ್ಯಾನರಿನ ಫೋಟೋ ತಾರೀಕಿನ ಸಮೇತ ಜೊತೆಗಿರಲಿ. ಹಾಗೆ ತೋರಿಸಲು ಬಿಲ್ಲೇ ಸಿಗದಿದ್ದರೆ ಆ ಗೀಟು ಎಳೆದ ದರ ಹಾಕಬೇಡಿ, ಬರೀ 600 ಅಂತ ಬರೆಯಿರಿ.